ದಾರಿ ಹೇಳಿಕೊಡುವ ಅಕ್ಕಂದಿರು

ಬೆಂಗಳೂರಿನಿಂದ ದೇವರಾಯನದುರ್ಗಕ್ಕೆ ಸುಮಾರು 70 ಕಿಲೋಮೀಟರ್. ಶನಿವಾರ ಬೆಳಗಿನ ಐದು ಗಂಟೆಗೆ ಹೊರಟು, ಆದಷ್ಟು ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದು, ಬಿಸಿಲೇರಿದ ಮೇಲೆ ನಾಮದ ಚಿಲುಮೆಯ ನೆರಳಲ್ಲಿ ಕುಳಿತು, ಸಂಜೆ ಬೆಟ್ಟ ಹತ್ತಿ ಅಲ್ಲಿಯೇ ತಂಗಿ, ಭಾನುವಾರ ಮರಳಬಹುದು. ಬಟ್ಟೆಬರೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಒಂದು ರಾತ್ರಿ ಊರಾಚೆ ಕಳೆಯಬೇಕು ಎನ್ನುವ ಹೊಸಬರಿಗೆ ನಾನು ಹೇಳುವ ದಾರಿ ಇದು. ಗಂಡಸರಾದರೆ ಏರು ಎಷ್ಟಿದೆ, ಎಂಥ ಟೈರ್ ಬೇಕು ಎಂದು ಕೇಳುತ್ತಾರೆ. ಹೆಂಗಸರು ದನಿ ತಗ್ಗಿಸಿ ಕೇಳುವುದು ಬೇರೆ: ‘ಅಕ್ಕಾ, ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ?’ ಒಮ್ಮೆ ಒಬ್ಬ ಟ್ರಾನ್ಸ್ ಪುರುಷ (ಹುಟ್ಟಿದಾಗ ಹೆಣ್ಣೆಂದು ಗುರುತಿಸಲ್ಪಟ್ಟು ಈಗ ಗಂಡಾಗಿ ಬದುಕುತ್ತಿರುವವನು) ಕೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಲಾಡ್ಜಿನಲ್ಲಿ ಆಧಾರ್ ಕೇಳುತ್ತಾರಲ್ಲ, ಅದರಲ್ಲಿ ನನ್ನ ಹಳೆಯ ಹೆಸರಿದೆ. ಏನು ಮಾಡಲಿ?’

ಇವಕ್ಕೆ ಉತ್ತರ ನಕ್ಷೆಯಲ್ಲಿ ಸಿಗುವುದಿಲ್ಲ, ಸೈಕಲ್ ಅಂಗಡಿಯಲ್ಲೂ ಸಿಗುವುದಿಲ್ಲ. ಆ ದಾರಿಯಲ್ಲಿ ಅದೇ ಅಳುಕು ಹೊತ್ತು ಮೊದಲೇ ಹೋಗಿಬಂದವರ ಬಳಿ ಮಾತ್ರ ಇರುತ್ತದೆ. ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ತಮ್ಮವರಿಂದಲೇ ಬೈಕ್‌ಪ್ಯಾಕಿಂಗ್ ಕಲಿಯಬೇಕು ಎಂಬ ಮಾತು ಈಗ ಕೇಳಿಬರುತ್ತಿದೆ. ಆದರೆ ಅದರ ಬೇರು ಹಳೆಯದು.

ಮೊದಲು ಪದದ ವಿಷಯ. ಕನ್ನಡದಲ್ಲಿ ‘ಬೈಕ್’ ಎಂದರೆ ಮೋಟಾರ್ ಸೈಕಲ್. ಹಾಗಾಗಿ ಬೈಕ್‌ಪ್ಯಾಕಿಂಗ್ ಎಂದೊಡನೆ ಮನೆಯವರು ಪೆಟ್ರೋಲಿನ ಖರ್ಚು ವಿಚಾರಿಸುವುದುಂಟು. ಇದು ಪೆಡಲ್ ತುಳಿಯುವ ಸೈಕಲ್ಲೇ. ಕ್ಯಾರಿಯರ್‌ಗೆ ದೊಡ್ಡ ಚೀಲ ನೇತುಹಾಕುವ ಬದಲು ಹ್ಯಾಂಡಲ್, ಸೀಟಿನ ಹಿಂಬದಿ, ಕಂಬಿಗಳ ನಡುವಿನ ಜಾಗಕ್ಕೆ ಸಣ್ಣ ಚೀಲಗಳನ್ನು ಬಿಗಿದುಕೊಂಡು, ಡಾಂಬರು ಮುಗಿದ ಮೇಲೂ ಮಣ್ಣುದಾರಿಯಲ್ಲಿ ಹೋಗಬಲ್ಲ ಪಯಣ. 1973ರ ಮೇ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಲೇಖನವೊಂದರ ಶೀರ್ಷಿಕೆಯಲ್ಲಿ ಈ ಪದ ಕಾಣಿಸಿಕೊಂಡಿತು. ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಗೆ ಹೊರಟಿದ್ದ ಸೈಕಲ್ ತಂಡದ ಕಥೆ ಅದು. ಆ ತಂಡದಲ್ಲಿದ್ದದ್ದು ಎರಡು ಜೋಡಿ: ಡ್ಯಾನ್ ಮತ್ತು ಲಿಸ್ ಬರ್ಡನ್, ಗ್ರೆಗ್ ಮತ್ತು ಜೂನ್ ಸೈಪಲ್. ಕಾಯಿಲೆಯಿಂದ ಬರ್ಡನ್ ದಂಪತಿ ಮೆಕ್ಸಿಕೊದಲ್ಲಿ ನಿಲ್ಲಿಸಬೇಕಾಯಿತು. ಸೈಪಲ್ ದಂಪತಿ 1975ರಲ್ಲಿ ತುದಿ ಮುಟ್ಟಿದರು. ಮರುವರ್ಷ ಸಾವಿರಾರು ಜನ ಅಮೆರಿಕವನ್ನು ಸೈಕಲ್ಲಿನಲ್ಲಿ ದಾಟಿದ ‘ಬೈಕ್‌ಸೆಂಟೆನಿಯಲ್’ ಪಯಣಕ್ಕೆ ಆ ಹೆಸರು ಹೊಳೆದದ್ದು ಜೂನ್ ಸೈಪಲ್ ಅವರಿಗೆ. ಈ ಹವ್ಯಾಸ ಹುಟ್ಟಿದಾಗಲೇ ಹೆಂಗಸರು ಅದರೊಳಗಿದ್ದರು. ಆಮೇಲೆ ಚಿತ್ರಗಳಲ್ಲಿ, ಜಾಹೀರಾತುಗಳಲ್ಲಿ ಗಡ್ಡಧಾರಿ ಗಂಡಸೇ ತುಂಬಿಕೊಂಡದ್ದನ್ನು ನೋಡುವಾಗ ನನಗೆ ಇದು ಮತ್ತೆ ಮತ್ತೆ ನೆನಪಾಗುತ್ತದೆ.

ಹೇಳಿಕೊಡುವವರಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು. 1894ರ ಜೂನ್‌ನಲ್ಲಿ ಬಾಸ್ಟನ್ನಿನಿಂದ ಮೂರು ಮಕ್ಕಳ ತಾಯಿ ಆನಿ ಕೊಪ್ಚೋವ್ಸ್ಕಿ ಲೋಕ ಸುತ್ತಲು ಹೊರಟರು. ‘ಲಂಡನ್‌ಡೆರಿ’ ಎಂಬ ನೀರಿನ ಕಂಪನಿಯ ಫಲಕ ಹೊತ್ತು, ಅದರ ಹೆಸರನ್ನೇ ತಮ್ಮದಾಗಿಸಿಕೊಂಡ ಆನಿ ಲಂಡನ್‌ಡೆರಿ ಇವರೇ. ಸೈಕಲ್ ಕಲಿತು ಹೆಚ್ಚು ದಿನವಾಗಿರಲಿಲ್ಲ. ಉದ್ದನೆಯ ಲಂಗ, 19 ಕಿಲೋ ತೂಕದ ಹೆಂಗಸರ ಸೈಕಲ್. ಶಿಕಾಗೊ ಮುಟ್ಟುವಷ್ಟರಲ್ಲಿ ಬೇಸಿಗೆಯೇ ಮುಗಿದಿತ್ತು. ಅಲ್ಲಿ ಅದರ ಅರ್ಧದಷ್ಟೇ ತೂಗುವ ಗಂಡಸರ ಸೈಕಲ್ಲಿಗೆ ಬದಲಾಯಿಸಿಕೊಂಡು, ಲಂಗ ಬಿಟ್ಟು ಸಡಿಲ ಚಲ್ಲಣ ತೊಟ್ಟು ಮುಂದೆ ಹೋದರು. ನಡುವೆ ಹಡಗಿನ ಪಯಣವೂ ಸೇರಿ 1895ರ ಸೆಪ್ಟೆಂಬರ್‌ನಲ್ಲಿ ಸುತ್ತು ಮುಗಿಸಿದರು. ತೂಕ ಕಡಿಮೆ ಮಾಡು, ಬಟ್ಟೆ ಬದಲಿಸು ಎಂದು ಬಾಸ್ಟನ್ನಿನಲ್ಲೇ ಹೇಳುವವರು ಒಬ್ಬರಿದ್ದಿದ್ದರೆ ಒಂದು ಇಡೀ ಋತು ಉಳಿಯುತ್ತಿತ್ತು.

ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತ್ಯಂತ ದೊಡ್ಡ ಪಾಠಶಾಲೆ ಇರುವುದು ಅಮೆರಿಕದಲ್ಲಲ್ಲ, ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ. 1991ರಲ್ಲಿ ಅಲ್ಲಿ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನ ಆರಂಭವಾಯಿತು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರ ಕಲಿಸಲು ಹಳ್ಳಿಯಿಂದ ಹಳ್ಳಿಗೆ ಹೋಗಬೇಕಾದ ಕಾರ್ಯಕರ್ತೆಯರಿಗೆ ಓಡಾಡಲು ದಾರಿ ಬೇಕಿತ್ತು. ಸೈಕಲ್ ಕಲಿಕೆಯನ್ನೂ ಆಂದೋಲನದೊಳಗೆ ಸೇರಿಸಲಾಯಿತು, ಮಹಿಳೆಯರು ಸೈಕಲ್ ಕೊಳ್ಳಲು ಬ್ಯಾಂಕ್ ಸಾಲದ ಏರ್ಪಾಡಾಯಿತು. 1992ರ ಮಹಿಳಾ ದಿನದಂದು ಒಂದೂವರೆ ಸಾವಿರಕ್ಕೂ ಹೆಚ್ಚು ಹೆಂಗಸರು ಹ್ಯಾಂಡಲ್‌ಗೆ ಬಾವುಟ ಕಟ್ಟಿ, ಗಂಟೆ ಬಾರಿಸುತ್ತ ಪಟ್ಟಣದ ಬೀದಿಗಿಳಿದರು. ಕೃಷಿ ಕೂಲಿಯವರು, ಕಲ್ಲು ಕ್ವಾರಿಯ ಕೆಲಸದವರು, ಅಂಗನವಾಡಿಯವರು ಸೇರಿ ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರು ಸೈಕಲ್ ಹತ್ತಿದರೆಂದು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ.

ಅಲ್ಲಿ ಎರಡು ಸಂಗತಿ ಗಮನಿಸಬೇಕು. ಕಲಿತವಳು ಕಲಿತು ಸುಮ್ಮನಾಗಲಿಲ್ಲ, ಮರುವಾರ ಪಕ್ಕದ ಮನೆಯವಳ ಸೀಟು ಹಿಡಿದು ಹಿಂದೆ ಓಡಿದಳು. ಎರಡನೆಯದು, ಲೇಡೀಸ್ ಸೈಕಲ್ ಸಾಲದೆ ಬಂದಾಗ ಅವರು ಜೆಂಟ್ಸ್ ಸೈಕಲ್ಲನ್ನೇ ಮೆಚ್ಚಿ ತೆಗೆದುಕೊಂಡರು. ಅದರ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಿತ್ತು. ಈ ಜಾಣತನ ಯಾವ ತಯಾರಕನ ತಲೆಗೂ ಹೊಳೆದದ್ದಲ್ಲ. ಒಬ್ಬ ತಾಯಿಯನ್ನು ನೋಡಿ ಇನ್ನೊಬ್ಬ ತಾಯಿ ಕಲಿತದ್ದು.

ಕರ್ನಾಟಕದಲ್ಲಿ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಸಮವಸ್ತ್ರ ತೊಟ್ಟ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುವುದು ನಮ್ಮ ಹಳ್ಳಿರಸ್ತೆಗಳ ಸಹಜ ನೋಟವಾಯಿತು. ಕೋವಿಡ್ ಕಾಲದಲ್ಲಿ ಯೋಜನೆ ನಿಂತಿತು. ಅದಕ್ಕೂ ಮೊದಲೇ ಇನ್ನೊಂದು ನಿಲುಗಡೆ ಇತ್ತು: ಹತ್ತನೆಯ ತರಗತಿ ಮುಗಿದೊಡನೆ ಎಷ್ಟೋ ಮನೆಗಳಲ್ಲಿ ಆ ಸೈಕಲ್ ತಮ್ಮನ ಕೈಗೆ ಹೋಗುತ್ತಿತ್ತು. ಹದಿನೈದರಲ್ಲಿ ಸೈಕಲ್ ಇಳಿದವಳು ಮೂವತ್ತರಲ್ಲಿ ಬೆಂಗಳೂರಿನ ಕಚೇರಿಯೊಂದರ ಸಂಬಳದಲ್ಲಿ ಮತ್ತೆ ಹತ್ತುತ್ತಾಳೆ. ನನ್ನ ಬಳಿ ಬರುವವರಲ್ಲಿ ಇಂಥವರೇ ಹೆಚ್ಚು. ಅವರಿಗೆ ತುಳಿಯುವುದು ಗೊತ್ತು, ನಡುವೆ ಕಳೆದುಹೋದ ಹದಿನೈದು ವರ್ಷದ ಧೈರ್ಯ ಮಾತ್ರ ಬೇಕು.

ಇತ್ತ ಬೆಂಗಳೂರಿನಲ್ಲಿ ಎಚ್‌ಎಎಲ್, ಎಚ್‌ಎಂಟಿ, ಐಟಿಐ ಕಾರ್ಖಾನೆಗಳ ಪಾಳಿಗೆ ಸಾಲುಗಟ್ಟಿ ಹೋಗುತ್ತಿದ್ದ ಸೈಕಲ್ಲುಗಳು ಮರೆಯಾದವು. ಸಾಫ್ಟ್‌ವೇರ್ ಕಾಲದಲ್ಲಿ ಗೇರ್ ಸೈಕಲ್ ಹವ್ಯಾಸವಾಗಿ ಮರಳಿತು. 2008ರಲ್ಲಿ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಪ್ರವಾಸ ಆರಂಭವಾಯಿತು. ಗಡುವಿನೊಳಗೆ ಮುಗಿಸಬೇಕಾದ, ಬ್ರೆವೆ ಎಂಬ ದೂರದ ಪಯಣಗಳು ಬಂದವು: 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ದೂರ ಹೆಚ್ಚಿದಂತೆ ರಾತ್ರಿಯೂ ತುಳಿಯಲೇಬೇಕು. ಜ್ಞಾನವೆಲ್ಲ ಕೈಬದಲಾಗುತ್ತಿದ್ದದ್ದು ನಂದಿಬೆಟ್ಟದ ದಾರಿಯ ನಸುಕಿನ ಚಹಾ ಅಂಗಡಿಗಳಲ್ಲಿ, ಗಂಡಸರ ಗುಂಪುಗಳಲ್ಲಿ. ಅವರು ಯಾರನ್ನೂ ಹೊರಗಿಟ್ಟವರಲ್ಲ, ನನಗೆ ಪಂಕ್ಚರ್ ಹಾಕಲು ಕಲಿಸಿದವರೂ ಅವರೇ. ಆದರೆ ಮುಟ್ಟಿನ ದಿನ ಎಂಟು ಗಂಟೆ ಸೀಟಿನ ಮೇಲೆ ಕೂರುವುದು ಹೇಗೆಂದು ಅವರನ್ನು ಕೇಳುವ ಬಾಯಿ ನನಗಿರಲಿಲ್ಲ, ಹೇಳುವ ಅನುಭವ ಅವರಿಗಿರಲಿಲ್ಲ.

ಹೆಂಗಸರಿಗೆ ಶಕ್ತಿ ಸಾಲದು ಎಂಬ ಮಾತಿಗೆ ಕಳೆದ ದಶಕವೇ ಬೇಕಾದಷ್ಟು ಉತ್ತರ ಕೊಟ್ಟಿದೆ. 2016ರಲ್ಲಿ ಅಲಾಸ್ಕಾದ ಸೈಕಲ್ ಸವಾರಳು ಲೇಲ್ ವಿಲ್ಕಾಕ್ಸ್ ಅಮೆರಿಕ ದಾಟುವ ‘ಟ್ರಾನ್ಸ್ ಆ್ಯಮ್’ ಸ್ಪರ್ಧೆಯಲ್ಲಿ ಗಂಡಸರನ್ನೂ ಹಿಂದಿಕ್ಕಿ ಗೆದ್ದರು. 2018ರಲ್ಲಿ ಪುಣೆಯ ಹುಡುಗಿ ವೇದಾಂಗಿ ಕುಲಕರ್ಣಿ ಇಪ್ಪತ್ತನೆಯ ವಯಸ್ಸಿನಲ್ಲಿ 159 ದಿನಗಳಲ್ಲಿ ಸುಮಾರು 29,000 ಕಿಲೋಮೀಟರ್ ತುಳಿದು ಲೋಕ ಸುತ್ತುವ ಪಯಣವನ್ನು ಕೋಲ್ಕತ್ತದಲ್ಲಿ ಮುಗಿಸಿದರು, ಸ್ಪೇನ್‌ನಲ್ಲಿ ಚಾಕು ತೋರಿಸಿ ದೋಚಿದ ಮೇಲೂ. 2019ರಲ್ಲಿ ಜರ್ಮನಿಯ ಫಿಯೊನಾ ಕೋಲ್ಬಿಂಗರ್ ಯುರೋಪ್ ದಾಟುವ ‘ಟ್ರಾನ್ಸ್‌ಕಾಂಟಿನೆಂಟಲ್’ ಸೈಕಲ್ ಸ್ಪರ್ಧೆ ಗೆದ್ದ ಮೊದಲ ಮಹಿಳೆಯಾದರು.

ಗೆಲುವಿನ ಸುದ್ದಿ ಹುರುಪು ಕೊಡುತ್ತದೆ, ಮೊದಲ ರಾತ್ರಿಯ ಭಯ ಅದರಿಂದ ಹೋಗುವುದಿಲ್ಲ. ಇದನ್ನು ಅರಿತೇ ವಿಲ್ಕಾಕ್ಸ್ 2017ರಲ್ಲಿ ತಮ್ಮ ಊರಾದ ಆ್ಯಂಕರೇಜ್‌ನಲ್ಲಿ ಶಾಲಾ ಬಾಲಕಿಯರಿಗೆ ಸೈಕಲ್ ಪಯಣ ಕಲಿಸುವ ಕಾರ್ಯಕ್ರಮ ಆರಂಭಿಸಿದರು. ಅಲ್ಲಿ ಹಿರಿಯ ಹೆಂಗಸರೇ ಜೊತೆಗಾತಿಯರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಮಹಿಳೆಯರು ಹಾಗೂ ಟ್ರಾನ್ಸ್ ಸಮುದಾಯದವರಿಗಾಗಿ ‘ಡಬ್ಲ್ಯುಟಿಎಫ್ ಬೈಕ್‌ಎಕ್ಸ್‌ಪ್ಲೋರರ್ಸ್’ ಎಂಬ ಬಳಗ ಹುಟ್ಟಿತು. ಮುಂದೆ ಅದು ‘ರ‍್ಯಾಡಿಕಲ್ ಅಡ್ವೆಂಚರ್ ರೈಡರ್ಸ್’ ಎಂದು ಹೆಸರು ಬದಲಿಸಿಕೊಂಡಿತು.

ಇಲ್ಲಿಗೆ ಆ ಮಾದರಿಯನ್ನು ಹಾಗೇ ಎತ್ತಿ ತಂದರೆ ನಡೆಯದು. ಅಲ್ಲಿ ಕಲಿಸುವುದು ಡೇರೆ ಹಾಕುವುದನ್ನು. ಇಲ್ಲಿ ಸಾವನದುರ್ಗದ ಕಾಡಿನಲ್ಲಿ ಅನುಮತಿಯಿಲ್ಲದೆ ಡೇರೆ ಹಾಕುವಂತಿಲ್ಲ. ಇಲ್ಲಿ ಕಲಿಸಬೇಕಾದದ್ದು ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಒಳಗಿನಿಂದ ಚಿಲಕವಿದೆ ಎನ್ನುವುದನ್ನು. ಬಾಗಿಲಲ್ಲಿ ಅಜ್ಜಿ ಕೂತಿರುವ ಮನೆಯ ಮುಂದೆ ನಿಂತು ನೀರು ಕೇಳುವುದನ್ನು. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ಲನ್ನು ಅಡ್ಡ ಹಿಡಿಯುವುದನ್ನು. ‘ಒಬ್ಬಳೇ ಬಂದೆಯಾ, ಮನೆಯಲ್ಲಿ ಯಾರೂ ಇಲ್ಲವಾ’ ಎಂದು ಕೇಳಿದರೆ ‘ಹಿಂದೆ ಬರುತ್ತಿದ್ದಾರೆ’ ಎಂದು ಹೇಳಿ ಹೊರಟುಬಿಡುವುದನ್ನು. ಕನಕಪುರದಿಂದ ಕಾವೇರಿ ಸಂಗಮದ ಕಡೆ ಹೋಗುವಾಗ ಬಹುಪಾಲು ಇಳಿಜಾರು, ಮರಳುವಾಗ ಅಷ್ಟೂ ಏರು ಕಾದಿರುತ್ತದೆ ಎನ್ನುವುದನ್ನು.

ಟ್ರಾನ್ಸ್ ಗೆಳೆಯರ ಪಾಲಿಗೆ ಕಷ್ಟ ಇನ್ನೊಂದು ಪದರ ಹೆಚ್ಚು. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರ್ಕಾರಿ ಉದ್ಯೋಗದಲ್ಲಿ ಅವರಿಗೆ ಶೇಕಡ 1 ಮೀಸಲಾತಿ ತಂದಿತು. ಆದರೂ ಲಾಡ್ಜಿನ ಮೇಜಿನ ಹಿಂದೆ ಕುಳಿತವನು ಕಾರ್ಡನ್ನೂ ಮುಖವನ್ನೂ ಹೋಲಿಸಿ ನೋಡುವ ಆ ಅರ್ಧ ನಿಮಿಷದಲ್ಲಿ ತೀರ್ಪು ನೆರವಿಗೆ ಬರುವುದಿಲ್ಲ. ಪಕ್ಕದಲ್ಲಿ ನಿಂತಿರುವ ಜೊತೆಗಾರ ಬರುತ್ತಾನೆ. ಅದಕ್ಕೇ ನಾವು ಮೊದಲೇ ಫೋನ್ ಮಾಡಿ, ಇಂಥವರು ಬರುತ್ತಿದ್ದಾರೆ ಎಂದು ತಿಳಿಸಿ, ಕೊಠಡಿ ಕೊಟ್ಟ ಜಾಗಗಳನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇವೆ.

ಆಧಾರ್ ಬಗ್ಗೆ ಕೇಳಿದ್ದ ಗೆಳೆಯ ಆ ನೋಟ್‌ಬುಕ್ ಹಿಡಿದೇ ದೇವರಾಯನದುರ್ಗಕ್ಕೆ ಬಂದ. ನನ್ನ ಚೀಲಗಳನ್ನೇ ಅವನ ಸೈಕಲ್ಲಿಗೆ ಕಟ್ಟಿದ್ದೆವು, ಹೊಸದು ಕೊಳ್ಳಲು ಸಾವಿರಾರು ರೂಪಾಯಿ ಯಾರ ಬಳಿಯೂ ಸುಮ್ಮನೆ ಬಿದ್ದಿರುವುದಿಲ್ಲ. ಬೆಟ್ಟದ ಕೊನೆಯ ತಿರುವಿನಲ್ಲಿ ಇಳಿದು ತಳ್ಳಿದ, ನಾನೂ ತಳ್ಳಿದೆ. ಎರಡು ತಿಂಗಳ ನಂತರ ಚೀಲ ವಾಪಸು ಕೇಳಿದಾಗ, ಇನ್ನೊಬ್ಬ ಹುಡುಗನನ್ನು ಮೇಲುಕೋಟೆಗೆ ಕರೆದೊಯ್ಯುತ್ತಿದ್ದೇನೆ, ಮುಂದಿನ ವಾರ ಕೊಡುತ್ತೇನೆ ಎಂದ. ನೋಟ್‌ಬುಕ್ಕಿಗೆ ಅವನು ಮಂಡ್ಯದ ಕಡೆಯ ಮೂರು ವಿಳಾಸ ಸೇರಿಸಿದ್ದಾನೆ.