ಆಟಕ್ಕುಂಟು ಲೆಕ್ಕಕ್ಕಿಲ್ಲ ಎನಿಸಿಕೊಂಡವರು ಗೆಲ್ಲುವ ಬಗೆ: ಅಮೆರಿಕದ ಪ್ರೈಮರಿಗಳ ಒಳಲೆಕ್ಕ

2008ರ ಫೆಬ್ರವರಿ 5ರಂದು ನ್ಯೂಜೆರ್ಸಿಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಹಿಲರಿ ಕ್ಲಿಂಟನ್, ಬರಾಕ್ ಒಬಾಮಾ ಅವರಿಗಿಂತ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಅದೇ ಸಂಜೆ ಐಡಾಹೊ ರಾಜ್ಯದ ಕಾಕಸ್‌ಗಳಲ್ಲಿ, ಅಂದರೆ ಪಕ್ಷದ ಸ್ಥಳೀಯ ಸಭೆಗಳಲ್ಲಿ, ಒಬಾಮಾ ಗೆದ್ದರು. ಅಲ್ಲಿ ಇಡೀ ರಾಜ್ಯದಲ್ಲಿ ಸೇರಿದ್ದವರೇ ಸುಮಾರು 21 ಸಾವಿರ ಜನ. ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳನ್ನು, ಅಂದರೆ ಡೆಲಿಗೇಟ್‌ಗಳನ್ನು ಹಂಚಿದಾಗ ನ್ಯೂಜೆರ್ಸಿಯಲ್ಲಿ ಕ್ಲಿಂಟನ್‌ಗೆ 59, ಒಬಾಮಾಗೆ 48 ಬಂದವು. ಐಡಾಹೊದಲ್ಲಿ ಒಬಾಮಾಗೆ 15, ಕ್ಲಿಂಟನ್‌ಗೆ 3. ದೊಡ್ಡ ರಾಜ್ಯ ಗೆದ್ದವರಿಗೆ ಸಿಕ್ಕ ಮುನ್ನಡೆ 11, ಪುಟ್ಟ ರಾಜ್ಯ ಗೆದ್ದವರಿಗೆ 12.

ಅಧ್ಯಕ್ಷ ಚುನಾವಣೆಯ ಅಭ್ಯರ್ಥಿ ಯಾರಾಗಬೇಕೆಂಬ ಪಕ್ಷದೊಳಗಿನ ಸ್ಪರ್ಧೆ ಇದು. ನಮ್ಮಲ್ಲಿ ಬಿ ಫಾರಂ ಯಾರಿಗೆ ಎಂಬುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ. ಅಲ್ಲಿ ಆ ತೀರ್ಮಾನ ರಾಜ್ಯಗಳ ಮತದಾರರ ಕೈಗೆ ಬಂದು ಅರ್ಧ ಶತಮಾನ ಕಳೆದಿದೆ. ಈ ಅವಧಿಯಲ್ಲಿ ಮುಂಚೂಣಿಯಲ್ಲಿದ್ದಾರೆ ಎಂದು ಎಲ್ಲರೂ ನಂಬಿದ್ದ ಎಷ್ಟೋ ಮಂದಿ ಮುಗ್ಗರಿಸಿದ್ದಾರೆ, ಹೆಸರೇ ಗೊತ್ತಿಲ್ಲದವರು ಗೆದ್ದಿದ್ದಾರೆ. ಇದನ್ನು ಅದೃಷ್ಟ, ಅಲೆ, ವರ್ಚಸ್ಸು ಎಂದು ವಿವರಿಸುವವರೇ ಹೆಚ್ಚು. ಪ್ರತಿನಿಧಿಗಳನ್ನು ಹಂಚುವ ನಿಯಮಗಳನ್ನು ಓದಿದರೆ ಸಿಗುವ ವಿವರಣೆ ಇದಕ್ಕಿಂತ ಗಟ್ಟಿಯಾದದ್ದು.

ಪ್ರೈಮರಿಗಳು 20ನೇ ಶತಮಾನದ ಆರಂಭದಲ್ಲೇ ಬಂದವು, ಆದರೆ ಬಹುಕಾಲ ಅವುಗಳಿಗೆ ಬೆಲೆ ಇರಲಿಲ್ಲ. 1912ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷದ ಹೆಚ್ಚಿನ ಪ್ರೈಮರಿಗಳನ್ನು ಗೆದ್ದರು. ಹಾಲಿ ಅಧ್ಯಕ್ಷ ವಿಲಿಯಂ ಟಾಫ್ಟ್ ತಮ್ಮ ತವರು ಒಹಾಯೊದಲ್ಲೂ ಸೋತರು. ಟಿಕೆಟ್ ಮಾತ್ರ ಟಾಫ್ಟ್‌ಗೇ ಹೋಯಿತು, ಏಕೆಂದರೆ ಬಹುಪಾಲು ಪ್ರತಿನಿಧಿಗಳು ರಾಜ್ಯಗಳ ಪಕ್ಷದ ಮುಖಂಡರ ಮುಷ್ಟಿಯಲ್ಲಿದ್ದರು. 1952ರಲ್ಲಿ ಎಸ್ಟಿಸ್ ಕೆಫಾವರ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅಧ್ಯಕ್ಷ ಟ್ರೂಮನ್‌ರನ್ನೇ ಸೋಲಿಸಿದರು, 12 ಪ್ರೈಮರಿಗಳನ್ನು ಗೆದ್ದರು. ಸಮಾವೇಶ ಆರಿಸಿದ್ದು ಅಡ್ಲೈ ಸ್ಟೀವನ್ಸನ್‌ರನ್ನು.

ಈ ವ್ಯವಸ್ಥೆ ಒಡೆದದ್ದು 1968ರಲ್ಲಿ. ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ಸೆನೆಟರ್ ಯೂಜೀನ್ ಮೆಕಾರ್ಥಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 42 ಶೇಕಡಾ ಮತ ಪಡೆದರು. ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಬಿದ್ದದ್ದು 49 ಶೇಕಡಾ, ಅದೂ ಮತಪತ್ರದಲ್ಲಿ ಹೆಸರಿಲ್ಲದೆ, ಮತದಾರರು ಕೈಯಲ್ಲಿ ಬರೆದು ಹಾಕಿದ ಮತಗಳು. ಅಂಕಿಯಲ್ಲಿ ಗೆದ್ದವರು ಜಾನ್ಸನ್. ಮಾರ್ಚ್ ತಿಂಗಳ ಕೊನೆಯ ದಿನ ಕಣದಿಂದ ಹಿಂದೆ ಸರಿದವರೂ ಅವರೇ. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ ಇನ್ನೊಬ್ಬ ಸ್ಪರ್ಧಿ ರಾಬರ್ಟ್ ಕೆನಡಿಗೆ ಗುಂಡೇಟು ಬಿತ್ತು, ಒಂದು ದಿನದ ಬಳಿಕ ಅವರು ತೀರಿಕೊಂಡರು. ಆಗಸ್ಟ್‌ನಲ್ಲಿ ಶಿಕಾಗೊ ಸಮಾವೇಶದ ಹೊರಗೆ ಪೊಲೀಸರ ಲಾಠಿಗಳು ಬೀಸುತ್ತಿದ್ದಾಗ, ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಅಭ್ಯರ್ಥಿಯಾದರು. ಆ ಸಿಟ್ಟಿನಿಂದ ಹುಟ್ಟಿದ್ದೇ ಡೆಮಾಕ್ರಟಿಕ್ ಪಕ್ಷದ ಮೆಕ್‌ಗವರ್ನ್–ಫ್ರೇಸರ್ ಆಯೋಗ. ಪ್ರತಿನಿಧಿಗಳ ಆಯ್ಕೆ ಬಹಿರಂಗವಾಗಿ, ಚುನಾವಣೆಯ ವರ್ಷದಲ್ಲೇ, ಸಾಮಾನ್ಯ ಕಾರ್ಯಕರ್ತರೂ ಪಾಲ್ಗೊಳ್ಳುವಂತೆ ನಡೆಯಬೇಕು ಎಂದು ಅದು ವಿಧಿಸಿತು. ಈ ಷರತ್ತುಗಳನ್ನು ಪಾಲಿಸಲು ಪ್ರೈಮರಿ ನಡೆಸುವುದೇ ಸುಲಭವೆಂದು ಹಲವು ರಾಜ್ಯಗಳಿಗೆ ತೋರಿತು. ಕಾನೂನು ರಾಜ್ಯದ್ದಾದ್ದರಿಂದ ರಿಪಬ್ಲಿಕನ್ನರೂ ಅದೇ ದಾರಿಗೆ ಬಂದರು.

ಹೊಸ ನಿಯಮಗಳ ಮೊದಲ ಫಲ ಉಂಡವರು ಆಯೋಗದ ಅಧ್ಯಕ್ಷರಾಗಿದ್ದ ಜಾರ್ಜ್ ಮೆಕ್‌ಗವರ್ನ್. 1972ರ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪಕ್ಕದ ಮೇನ್ ರಾಜ್ಯದ ಸೆನೆಟರ್ ಎಡ್ಮಂಡ್ ಮಸ್ಕಿ 46 ಶೇಕಡಾ ಪಡೆದು ಗೆದ್ದರು, ಮೆಕ್‌ಗವರ್ನ್ 37 ಶೇಕಡಾಕ್ಕೆ ನಿಂತರು. ಮಸ್ಕಿ 50 ದಾಟಬೇಕಿತ್ತು ಎಂಬ ನಿರೀಕ್ಷೆ ಇದ್ದುದರಿಂದ ಪತ್ರಿಕೆಗಳು ಆ ಗೆಲುವನ್ನು ಸೋಲಿನಂತೆ ಬರೆದವು, ಹಣ ಕೊಡುವವರು ಕೈ ಹಿಂತೆಗೆದರು. ಮುಂಚೂಣಿಯಲ್ಲಿರುವವರ ಪಾಡು ಅಂದಿನಿಂದಲೂ ಇದೇ. ಎದುರಾಳಿಯನ್ನು ಸೋಲಿಸಿದರೆ ಸಾಲದು, ತಮ್ಮ ಬಗ್ಗೆ ಜನ ಕಟ್ಟಿಕೊಂಡ ಅಂದಾಜನ್ನೂ ಮುಟ್ಟಬೇಕು. ಬೆನ್ನಟ್ಟುವವರಿಗೆ ಎರಡನೇ ಸ್ಥಾನವೇ ವಿಜಯೋತ್ಸವ.

1976ರಲ್ಲಿ ಜಿಮ್ಮಿ ಕಾರ್ಟರ್ ಇದನ್ನು ಕರಾರುವಾಕ್ಕಾಗಿ ಬಳಸಿಕೊಂಡರು. ಸ್ಪರ್ಧೆಗಳ ಸಾಲಿನಲ್ಲಿ ಮೊದಲಿಗೆ ಬಂದ ಅಯೋವಾ ಕಾಕಸ್‌ನಲ್ಲಿ ಅವರಿಗೆ ಬಂದದ್ದು ಸುಮಾರು 28 ಶೇಕಡಾ. 'ಯಾರಿಗೂ ಬದ್ಧರಲ್ಲ' ಎಂದವರು 37 ಶೇಕಡಾ ಇದ್ದರು. ಆದರೂ ಹೆಸರಿದ್ದ ಅಭ್ಯರ್ಥಿಗಳ ಪೈಕಿ ಮೊದಲಿಗರೆಂದು ಸುದ್ದಿಯಾದವರು ಕಾರ್ಟರ್. 1974ರ ಕಾನೂನು ಒಬ್ಬ ವ್ಯಕ್ತಿಯ ದೇಣಿಗೆಗೆ 1,000 ಡಾಲರ್ ಮಿತಿ ಹಾಕಿ, ಸಣ್ಣ ದೇಣಿಗೆಗಳಿಗೆ ಸಮನಾಗಿ ಸರ್ಕಾರದ ಹಣ ಸಿಗುವಂತೆ ಮಾಡಿತ್ತು. ದೊಡ್ಡ ಕುಳಗಳ ಬೆಂಬಲವಿಲ್ಲದ ಜಾರ್ಜಿಯಾದ ಮಾಜಿ ಗವರ್ನರ್‌ಗೆ ಅದು ವರವಾಯಿತು.

1984ರ ಗ್ಯಾರಿ ಹಾರ್ಟ್ ಅವರ ಕತೆ ಇದರ ಇನ್ನೊಂದು ಮಗ್ಗುಲು. ಅಯೋವಾದಲ್ಲಿ ಮುಂಚೂಣಿಯಲ್ಲಿದ್ದ ವಾಲ್ಟರ್ ಮಾಂಡೇಲ್‌ಗೆ 49 ಶೇಕಡಾ, ಹಾರ್ಟ್‌ಗೆ 16 ಚಿಲ್ಲರೆ. ಆ ದೂರದ ಎರಡನೇ ಸ್ಥಾನವೇ ಸುದ್ದಿಯಾಗಿ ಎಂಟು ದಿನಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಅವರ ಕೈಗೆ ಬಂತು. ಆದರೆ ಅಭ್ಯರ್ಥಿಗಳು ತಮ್ಮ ಪ್ರತಿನಿಧಿಗಳ ಹೆಸರನ್ನೂ ಮೊದಲೇ ಸಲ್ಲಿಸಬೇಕಿದ್ದ ಕೆಲವು ದೊಡ್ಡ ರಾಜ್ಯಗಳಲ್ಲಿ ಅವರ ತಂಡ ಪೂರ್ತಿ ಪಟ್ಟಿ ಕೊಟ್ಟಿರಲಿಲ್ಲ. ಗಡುವು ತಿಂಗಳುಗಳ ಹಿಂದೆಯೇ ಮುಗಿದಿತ್ತು. ಆಗ ಪಟ್ಟಿ ತುಂಬಿಸಲು ಅವರ ಬಳಿ ಜನವೂ ಇರಲಿಲ್ಲ, ಹಣವೂ ಇರಲಿಲ್ಲ. ಅದೇ ವರ್ಷ ಮೊದಲ ಬಾರಿಗೆ ಬಂದ ಸೂಪರ್ ಡೆಲಿಗೇಟ್‌ಗಳು, ಅಂದರೆ ಯಾವ ಪ್ರೈಮರಿಗೂ ಬದ್ಧರಲ್ಲದ ಪಕ್ಷದ ಸಂಸದರು ಮತ್ತು ಪದಾಧಿಕಾರಿಗಳು, ಬಹುತೇಕ ಮಾಂಡೇಲ್ ಕಡೆಗೇ ನಿಂತರು.

ಅಯೋವಾ ಕಾಕಸ್ ಒಂದು ಶಾಲೆಯ ಸಭಾಂಗಣದಲ್ಲಿ ಹೇಗೆ ನಡೆಯುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ಡೆಮಾಕ್ರಟಿಕ್ ಪಕ್ಷದಲ್ಲಿ ಗುಪ್ತ ಮತದಾನ ಇರಲಿಲ್ಲ. ಸಂಜೆ ಏಳಕ್ಕೆ ಬಂದವರು ಹೆಸರು ಬರೆಸಿ ತಮ್ಮ ಅಭ್ಯರ್ಥಿಯ ಮೂಲೆಯಲ್ಲಿ ನಿಲ್ಲಬೇಕು. 120 ಜನ ಸೇರಿದ್ದಾರೆ, ಆ ಬೂತ್‌ಗೆ 6 ಪ್ರತಿನಿಧಿಗಳು ಎಂದುಕೊಳ್ಳಿ. ಗುಂಪೊಂದು ಉಳಿಯಲು ಕನಿಷ್ಠ 15 ಶೇಕಡಾ, ಅಂದರೆ 18 ಜನ ಬೇಕು. 17 ಜನರಿರುವ ಗುಂಪು ಉಳಿಯುವುದಿಲ್ಲ. ಒಬ್ಬರನ್ನಾದರೂ ಬೇರೆ ಮೂಲೆಯಿಂದ ಕರೆತರಬೇಕು, ಇಲ್ಲವೇ ಚದುರಿ ಬೇರೆ ಗುಂಪು ಸೇರಬೇಕು. ಎರಡನೇ ಸುತ್ತು ಮುಗಿದಾಗ ಗುಂಪುಗಳು 55, 40, 25 ಆಗಿವೆ ಎನ್ನೋಣ. ತಲೆಎಣಿಕೆಯನ್ನು 6ರಿಂದ ಗುಣಿಸಿ 120ರಿಂದ ಭಾಗಿಸಿದರೆ 2.75, 2, 1.25, ಅಂದರೆ 3, 2, 1 ಪ್ರತಿನಿಧಿಗಳು. ಬೂತ್‌ನ 6 ಎಂಬ ಸಂಖ್ಯೆ ಹಿಂದಿನ ಚುನಾವಣೆಗಳ ಮತಗಳ ಮೇಲೆ ಮೊದಲೇ ನಿಗದಿಯಾಗಿರುತ್ತದೆ. ಒಂದೇ ಕಡೆ ಸಾವಿರ ಜನ ನೂಕುನುಗ್ಗಲು ಮಾಡಿದರೂ ಅದು ಏಳಾಗದು. ಹಾಗಾಗಿ ರಾಜ್ಯದ 99 ಕೌಂಟಿಗಳಲ್ಲೂ ಜನ ಇಟ್ಟುಕೊಂಡವರಿಗೆ ಲಾಭ, ನಗರಗಳಲ್ಲಿ ಮಾತ್ರ ಅಲೆ ಎಬ್ಬಿಸಿದವರಿಗೆ ನಷ್ಟ. ಎರಡನೇ ಆಯ್ಕೆಗೂ ಬೆಲೆ ಇತ್ತು: 2004ರಲ್ಲಿ ಡೆನಿಸ್ ಕುಸಿನಿಚ್ ತಮ್ಮ ಗುಂಪು ಉಳಿಯದ ಕಡೆ ಜಾನ್ ಎಡ್ವರ್ಡ್ಸ್ ಕಡೆ ಹೋಗಲು ಬೆಂಬಲಿಗರಿಗೆ ಹೇಳಿದರು. ಎಡ್ವರ್ಡ್ಸ್ ಎರಡನೆಯವರಾದರು, ಮುಂಚೂಣಿಯಲ್ಲಿದ್ದ ಹೊವರ್ಡ್ ಡೀನ್ 18 ಶೇಕಡಾದೊಂದಿಗೆ ಮೂರನೆಯ ಸ್ಥಾನಕ್ಕೆ ಬಿದ್ದರು.

ಪ್ರೈಮರಿಗಳಲ್ಲೂ ಭಾಗಾಕಾರವೇ ದೊರೆ. ಡೆಮಾಕ್ರಟಿಕ್ ಪಕ್ಷ ಹೆಚ್ಚಿನ ಪ್ರತಿನಿಧಿಗಳನ್ನು ಸಂಸತ್ ಕ್ಷೇತ್ರವಾರು ಹಂಚುತ್ತದೆ. ಇಬ್ಬರೇ ಕಣದಲ್ಲಿದ್ದು ಕ್ಷೇತ್ರಕ್ಕೆ 4 ಪ್ರತಿನಿಧಿಗಳಿದ್ದರೆ, 59 ಶೇಕಡಾ ಪಡೆದವರ ಪಾಲು 2.36, 41 ಶೇಕಡಾ ಪಡೆದವರದು 1.64. ಪೂರ್ಣಾಂಕ ಹಂಚಿದ ಮೇಲೆ ಉಳಿದ ಒಂದು, ದೊಡ್ಡ ಭಿನ್ನರಾಶಿ ಇರುವವರಿಗೆ. ಫಲಿತಾಂಶ 2–2. 3–1 ಆಗಬೇಕಾದರೆ 62.5 ಶೇಕಡಾ ದಾಟಬೇಕು. ಕ್ಷೇತ್ರಕ್ಕೆ 5 ಇದ್ದರೆ ಒಂದೇ ಮತದ ಅಂತರಕ್ಕೂ 3–2. ಹೀಗಿರುವಾಗ 4ರ ಕ್ಷೇತ್ರದಲ್ಲಿ 52ರಿಂದ 59ಕ್ಕೆ ಏರಲು ಸುರಿದ ಹಣ ನೀರಿಗೆ ಹಾಕಿದಂತೆ; ಅದೇ ಹಣ 5ರ ಕ್ಷೇತ್ರದಲ್ಲಿ 49ನ್ನು 51 ಮಾಡಿದರೆ ಒಬ್ಬ ಪ್ರತಿನಿಧಿ ಸಿಕ್ಕಂತೆ.

2008ರಲ್ಲಿ ಒಬಾಮಾ ತಂಡ ಈ ಲೆಕ್ಕವನ್ನು ಕ್ಷೇತ್ರ ಕ್ಷೇತ್ರವಾಗಿ ಮಾಡಿತ್ತು. ಆ ವರ್ಷದ ದೇಣಿಗೆ ಮಿತಿ 2,300 ಡಾಲರ್. ಮಿತಿ ಮುಟ್ಟಿದ ದೊಡ್ಡ ದಾನಿಗಳು ಮತ್ತೆ ಕೊಡುವಂತಿಲ್ಲ, ಐವತ್ತು ಡಾಲರ್ ಕೊಟ್ಟವರು ಮತ್ತೆ ಮತ್ತೆ ಕೊಡಬಹುದು. ಜನವರಿಯಲ್ಲಿ ಕ್ಲಿಂಟನ್ ತಮ್ಮ ಪ್ರಚಾರಕ್ಕೆ ತಾವೇ 50 ಲಕ್ಷ ಡಾಲರ್ ಸಾಲ ಕೊಡಬೇಕಾಗಿ ಬಂತು. ಫೆಬ್ರವರಿ 5ರ ನಂತರ ಒಬಾಮಾ ಸಾಲಾಗಿ 11 ಸ್ಪರ್ಧೆಗಳನ್ನು ಗೆದ್ದರು. ಮಾರ್ಚ್ 4ರಂದು ಟೆಕ್ಸಸ್ ಪ್ರೈಮರಿ ಕ್ಲಿಂಟನ್ ಪಾಲಾಯಿತು, 65–61. ಅದೇ ರಾತ್ರಿ ಮತಗಟ್ಟೆ ಮುಚ್ಚಿದ ಮೇಲೆ ಆರಂಭವಾದ ಕಾಕಸ್‌ಗಳು ಇನ್ನೂ 67 ಪ್ರತಿನಿಧಿಗಳನ್ನು ಹಂಚಿದವು: 38–29, ಒಬಾಮಾ ಕಡೆಗೆ. ಒಟ್ಟಾರೆ ಟೆಕ್ಸಸ್‌ನಲ್ಲಿ 99–94ರ ಮುನ್ನಡೆ ಒಬಾಮಾ ಅವರದು. ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾವನ್ನು ಕ್ಲಿಂಟನ್ ಒಂಬತ್ತು ಶೇಕಡಾ ಅಂತರದಿಂದ ಗೆದ್ದು ಗಳಿಸಿದ ಮುನ್ನಡೆ 12. ಐಡಾಹೊದಲ್ಲಿ ಒಬಾಮಾ ಗಳಿಸಿದ್ದೂ ಅಷ್ಟೇ. ಕ್ಲಿಂಟನ್ ದುರ್ಬಲ ಅಭ್ಯರ್ಥಿಯಾಗಿದ್ದರು ಎಂಬ ಮಾತು ತಪ್ಪು. ಅವರು ಕೋಟ್ಯಂತರ ಮತ ಪಡೆದರು, ಆದರೆ ಮತವನ್ನು ಪ್ರತಿನಿಧಿಯಾಗಿಸುವ ಕಾಕಸ್ ರಾಜ್ಯಗಳನ್ನು ಬಿಟ್ಟುಕೊಟ್ಟರು.

ರಿಪಬ್ಲಿಕನ್ನರ ಲೆಕ್ಕ ಬೇರೆ. ಅವರ ಹಲವು ರಾಜ್ಯಗಳಲ್ಲಿ ಮೊದಲು ಬಂದವರಿಗೆ ಎಲ್ಲವೂ. 2007ರ ಬಹುಪಾಲು ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಮುಂದಿದ್ದ ರೂಡಿ ಜೂಲಿಯಾನಿ ಆರಂಭದ ರಾಜ್ಯಗಳನ್ನು ಬದಿಗಿಟ್ಟು ಫ್ಲಾರಿಡಾವನ್ನೇ ನೆಚ್ಚಿಕೊಂಡರು. ಅಷ್ಟರಲ್ಲಿ ಸುದ್ದಿಯಿಂದ ಅವರ ಹೆಸರೇ ಮಾಯವಾಗಿ ಮೂರನೇ ಸ್ಥಾನಕ್ಕೆ ಇಳಿದರು. ಹಿಂದಿನ ಬೇಸಿಗೆಯಲ್ಲಿ ಹಣವಿಲ್ಲದೆ ಸಿಬ್ಬಂದಿಯನ್ನು ಕಳಿಸಿದ್ದ ಜಾನ್ ಮೆಕೇನ್ 36 ಶೇಕಡಾ ಮತಕ್ಕೆ ಅಲ್ಲಿನ 57 ಪ್ರತಿನಿಧಿಗಳನ್ನೂ ಬಾಚಿಕೊಂಡರು. 2016ರ ಸೌತ್ ಕೆರೊಲಿನಾದಲ್ಲಿ ಡೊನಾಲ್ಡ್ ಟ್ರಂಪ್ 32.5 ಶೇಕಡಾಕ್ಕೆ 50ಕ್ಕೆ 50 ಪಡೆದರು. ವಿರೋಧಿಗಳು ಐದಾರು ಮಂದಿಯಲ್ಲಿ ಹಂಚಿಹೋಗಿದ್ದರೆ ಇಂಥ ನಿಯಮದಡಿ ಮೂರನೇ ಒಂದು ಭಾಗವೇ ಬಹುಮತದ ಕೆಲಸ ಮಾಡುತ್ತದೆ.

ಇಬ್ಬರು ಬಲಶಾಲಿಗಳು ತಿಂಗಳುಗಟ್ಟಲೆ ಸೆಣಸಿದಾಗಲೆಲ್ಲ ಅವರಿಬ್ಬರನ್ನೂ ಅಧ್ಯಕ್ಷ–ಉಪಾಧ್ಯಕ್ಷ ಜೋಡಿಯಾಗಿಸುವ ಡ್ರೀಮ್ ಟಿಕೆಟ್ ಮಾತು ಏಳುತ್ತದೆ. 1960ರಿಂದ ಈಚೆಗೆ ಅಭ್ಯರ್ಥಿ ಸ್ಥಾನದ ಸ್ಪರ್ಧೆಯಲ್ಲಿ ಎರಡನೆಯವರಾದವರನ್ನು ಗೆದ್ದವರು ಜೊತೆಗೆ ಕರೆದುಕೊಂಡದ್ದು ಮೂರೇ ಬಾರಿ: 1960ರಲ್ಲಿ ಜಾನ್ ಕೆನಡಿ–ಲಿಂಡನ್ ಜಾನ್ಸನ್, 1980ರಲ್ಲಿ ರೇಗನ್–ಬುಷ್, 2004ರಲ್ಲಿ ಕೆರಿ–ಎಡ್ವರ್ಡ್ಸ್. ಕೆನಡಿಗೆ ಅದು ಫಲ ಕೊಟ್ಟಿತು; ಜಾನ್ಸನ್ ಅವರ ಟೆಕ್ಸಸ್ ಸುಮಾರು 46 ಸಾವಿರ ಮತಗಳಿಂದ ಒಲಿಯಿತು.

1980ರ ನಿಜವಾದ ಕನಸಿನ ಜೋಡಿ ಬೇರೆಯೇ ಇತ್ತು. ಡೆಟ್ರಾಯಿಟ್ ಸಮಾವೇಶದಲ್ಲಿ ರೇಗನ್ ಕಡೆಯವರು ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್‌ರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಒಪ್ಪಿಸಲು ಹೊರಟರು. ಫೋರ್ಡ್ ಪರವಾಗಿ ಹೆನ್ರಿ ಕಿಸಿಂಜರ್ ಮತ್ತು ಅಲನ್ ಗ್ರೀನ್‌ಸ್ಪ್ಯಾನ್ ಮಾತುಕತೆಗೆ ಕೂತರು. ಜುಲೈ 16ರ ಸಂಜೆ ಟಿವಿ ಸುದ್ದಿ ನಿರೂಪಕ ವಾಲ್ಟರ್ ಕ್ರಾಂಕೈಟ್ ಅವರೊಂದಿಗಿನ ನೇರ ಸಂದರ್ಶನದಲ್ಲಿ ಇಬ್ಬರು ಅಧ್ಯಕ್ಷರಂಥ ಏರ್ಪಾಡಿನ ಪ್ರಶ್ನೆ ಬಂದಾಗ ಫೋರ್ಡ್ ಅದನ್ನು ತಳ್ಳಿಹಾಕಲಿಲ್ಲ. ಅದನ್ನು ನೋಡಿದ ರೇಗನ್‌ಗೆ ಗಾಬರಿಯಾಯಿತು. ನಡುರಾತ್ರಿಯ ಹೊತ್ತಿಗೆ ಜಾರ್ಜ್ ಬುಷ್‌ಗೆ ಫೋನ್ ಹೋಯಿತು. ಸಂವಿಧಾನದ ತೊಡಕೂ ಇತ್ತು. 12ನೇ ತಿದ್ದುಪಡಿಯ ಪ್ರಕಾರ ಒಂದು ರಾಜ್ಯದ ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷ ಮತ್ತು ಉಪಾಧ್ಯಕ್ಷರನ್ನು ಔಪಚಾರಿಕವಾಗಿ ಆರಿಸುವವರು, ತಮ್ಮದೇ ರಾಜ್ಯದ ಇಬ್ಬರಿಗೆ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಎರಡೂ ಮತ ಹಾಕುವಂತಿಲ್ಲ. ರೇಗನ್ ಮತ್ತು ಫೋರ್ಡ್ ಇಬ್ಬರೂ ಆಗ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದರು, ಅಲ್ಲಿನ ಎಲೆಕ್ಟರ್‌ಗಳು 45. ಈ ನಿಯಮ ಒಣ ಶಾಸ್ತ್ರವಲ್ಲ: 2000ರಲ್ಲಿ ಅಧ್ಯಕ್ಷ ಅಭ್ಯರ್ಥಿ ಜಾರ್ಜ್ ಡಬ್ಲ್ಯು. ಬುಷ್ ಅವರಂತೆಯೇ ಟೆಕ್ಸಸ್‌ನಲ್ಲಿದ್ದ ಡಿಕ್ ಚೇನಿ ತಮ್ಮ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ಬದಲಿಸಿಕೊಂಡರು. ಆ ವರ್ಷ ಬುಷ್–ಚೇನಿ ಜೋಡಿಗೆ ಬಂದದ್ದು 271 ಎಲೆಕ್ಟರ್ ಮತ. ಟೆಕ್ಸಸ್‌ನ 32 ಕಳೆದಿದ್ದರೆ ಚೇನಿ ಬಹುಮತಕ್ಕೆ ಬೇಕಾದ 270ರ ಗೆರೆ ಮುಟ್ಟುತ್ತಿರಲಿಲ್ಲ.

2008ರ ಮಾರ್ಚ್‌ನಲ್ಲಿ ಕ್ಲಿಂಟನ್ ಕಡೆಯಿಂದ ಒಬಾಮಾ ಉಪಾಧ್ಯಕ್ಷರಾಗಬಹುದೆಂಬ ಸೂಚನೆ ಬಂತು. ಎರಡನೇ ಸ್ಥಾನದಲ್ಲಿರುವವರು ಮೊದಲ ಸ್ಥಾನದಲ್ಲಿರುವವರಿಗೆ ಉಪಾಧ್ಯಕ್ಷ ಪದವಿ ನೀಡುವುದು ಹೇಗೆ ಎಂದು ಒಬಾಮಾ ಮಿಸಿಸಿಪ್ಪಿಯಲ್ಲಿ ಕೇಳಿದರು. ಆಗಸ್ಟ್‌ನಲ್ಲಿ ಅವರು ಆರಿಸಿದ್ದು ಅಯೋವಾದ ನಂತರವೇ ಕಣ ಬಿಟ್ಟಿದ್ದ ಜೋ ಬೈಡನ್‌ರನ್ನು. ಸೋತವರು ಜೊತೆಗೆ ಬಂದರೆ ಅವರ ಸಿಬ್ಬಂದಿ, ಅವರ ದಾನಿಗಳು, ಅವರ ಮುಂದಿನ ಚುನಾವಣೆಯ ಲೆಕ್ಕಾಚಾರ ಎಲ್ಲವೂ ಜೊತೆಗೇ ಬರುತ್ತವೆ. ಹಾಗೆಂದು ಅವಸರದಲ್ಲಿ ಬೇರೆಯವರನ್ನು ಹುಡುಕುವುದೂ ಅಪಾಯವೇ. 1972ರಲ್ಲಿ ಹಲವರು ಒಲ್ಲೆನೆಂದ ಮೇಲೆ ಮೆಕ್‌ಗವರ್ನ್ ತರಾತುರಿಯಲ್ಲಿ ಥಾಮಸ್ ಈಗಲ್ಟನ್‌ರನ್ನು ಆರಿಸಿದರು. ಖಿನ್ನತೆಗೆ ಅವರು ಆಸ್ಪತ್ರೆಯಲ್ಲಿ ಪಡೆದಿದ್ದ ವಿದ್ಯುತ್ ಚಿಕಿತ್ಸೆಯ ಸಂಗತಿ ಹೊರಬಿದ್ದು, ಮೂರು ವಾರದೊಳಗೆ ಅವರು ಹಿಂದೆ ಸರಿಯಬೇಕಾಯಿತು.

2020ರಲ್ಲಿ ಅದೇ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಮುಂದಿದ್ದ ಬರ್ನಿ ಸ್ಯಾಂಡರ್ಸ್ ಆ ಎರಡೂ ಕಡೆ ಪಡೆದದ್ದು ಸುಮಾರು ಕಾಲು ಭಾಗ ಮತ; ಉಳಿದ ಮುಕ್ಕಾಲು ಹಲವರಲ್ಲಿ ಹಂಚಿಹೋಗಿತ್ತು. ಫೆಬ್ರವರಿ 29ರಂದು ಸೌತ್ ಕೆರೊಲಿನಾವನ್ನು ಬೈಡನ್ ಗೆದ್ದ ಬೆನ್ನಿಗೆ ಪೀಟ್ ಬುಟಿಜೆಜ್, ಏಮಿ ಕ್ಲೋಬುಚಾರ್ ಹಿಂದೆ ಸರಿದು ಅವರನ್ನು ಬೆಂಬಲಿಸಿದರು. ಮಾರ್ಚ್ 3ರಂದು 14 ರಾಜ್ಯಗಳಲ್ಲಿ 10 ಬೈಡನ್ ಪಾಲಾದವು. ಅಂಚೆಯಲ್ಲಿ ಮೊದಲೇ ಮತ ಹಾಕಿದ್ದ ಕ್ಯಾಲಿಫೋರ್ನಿಯಾದ ಎಷ್ಟೋ ಮಂದಿಯ ಮತ ಅಷ್ಟರಲ್ಲಿ ಕಣದಲ್ಲೇ ಇಲ್ಲದವರಿಗೆ ಬಿದ್ದಿತ್ತು. ಬೇಗ ಮತ ಹಾಕುವ ಸೌಲಭ್ಯದ ಈ ತೊಂದರೆಗೆ ಇನ್ನೂ ಮದ್ದು ಸಿಕ್ಕಿಲ್ಲ.

ಅಯೋವಾದಲ್ಲಿ ಆ ವರ್ಷ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು, ಎಣಿಕೆ ದಿನಗಟ್ಟಲೆ ಎಳೆಯಿತು. 2024ಕ್ಕೆ ಡೆಮಾಕ್ರಟಿಕ್ ಪಕ್ಷ ಸೌತ್ ಕೆರೊಲಿನಾವನ್ನು ಮೊದಲಿಗೆ ತಂದಿತು. ತಮ್ಮದೇ ಮೊದಲು ನಡೆಯಬೇಕೆಂಬ ರಾಜ್ಯ ಕಾನೂನು ಹಿಡಿದ ನ್ಯೂ ಹ್ಯಾಂಪ್‌ಶೈರ್ ಜನವರಿಯಲ್ಲೇ ಪ್ರೈಮರಿ ನಡೆಸಿತು; ಹೆಸರು ಕೊಡದಿದ್ದ ಬೈಡನ್ ಅಲ್ಲಿ ಕೈಬರಹದ ಮತಗಳಿಂದಲೇ ಗೆದ್ದರು. ಜುಲೈ 21ರಂದು ಅವರು ಕಣ ಬಿಟ್ಟಾಗ, ಅವರು ಗೆದ್ದಿದ್ದ ಪ್ರತಿನಿಧಿಗಳು ಒಂದೂ ಪ್ರೈಮರಿ ಗೆದ್ದಿರದ ಕಮಲಾ ಹ್ಯಾರಿಸ್‌ರನ್ನು ಆನ್‌ಲೈನ್ ಮತದಾನದಲ್ಲಿ ಅಭ್ಯರ್ಥಿ ಮಾಡಿದರು. ಪಕ್ಷದ ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಪ್ರತಿನಿಧಿಗಳು ತಮ್ಮನ್ನು ಆರಿಸಿದವರ ಭಾವನೆಯನ್ನು ಆತ್ಮಸಾಕ್ಷಿಗೆ ಅನುಗುಣವಾಗಿ ಪ್ರತಿಬಿಂಬಿಸಬೇಕು ಎಂದಷ್ಟೇ ಅದರಲ್ಲಿ ಬರೆದಿದೆ.