ಪದ ಪರಿಚಯ: ‘ಕಮಿಟ್’ ಆದಳು ಅಂದರೆ ಏನಾದಳು?

ನಮ್ಮ ಕಡೆ ‘ಕಮಿಟ್’ ಅನ್ನುವ ಪದ ಬಂದು ಬಹಳ ಕಾಲವಾಯಿತು. ‘ಈ ತಿಂಗಳು ಕಮಿಟ್‌ಮೆಂಟ್ ಜಾಸ್ತಿ’ ಅಂದರೆ ಮನೆ ಸಾಲದ ಕಂತು, ಚೀಟಿ ದುಡ್ಡು, ಮಕ್ಕಳ ಫೀಸು. ‘ಅವರಿಗೆ ಕಮಿಟ್ ಆಗಿಬಿಟ್ಟಿದ್ದೀನಿ’ ಅಂದರೆ ಮಾತು ಕೊಟ್ಟಾಗಿದೆ, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಎರಡರಲ್ಲೂ ಒಂದು ಗಂಟು ಬಿದ್ದಿರುತ್ತದೆ.

ನನ್ನ ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮಗಳು ಹೈಸ್ಕೂಲಿನಲ್ಲಿ ಈಜುಗಾರ್ತಿ. 2024ರ ಜನವರಿಯಲ್ಲಿ ಅಕ್ಕ ಮೈಸೂರಿಗೆ ಫೋನ್ ಮಾಡಿ, ‘ಅಮ್ಮಾ, ಮಗಳು ಕಾಲೇಜಿಗೆ ಕಮಿಟ್ ಆದಳು’ ಅಂದಳು. ಕಾಲೇಜಿನ ಟೋಪಿ ಹಾಕಿಕೊಂಡು ನಗುತ್ತಿರುವ ಹುಡುಗಿಯ ಫೋಟೊ ಅಷ್ಟರಲ್ಲಿ ಇನ್‌ಸ್ಟಾಗ್ರಾಮಿನಲ್ಲಿತ್ತು. ನಮ್ಮಮ್ಮ ಕೇಳಿದ್ದು ಎರಡೇ ಪ್ರಶ್ನೆ. ‘ಸೀಟು ಸಿಕ್ಕಿತಾ? ಫೀಸು ಎಷ್ಟು ಬಿಟ್ಟರು?’

ಅಕ್ಕನ ಹತ್ತಿರ ಎರಡಕ್ಕೂ ಉತ್ತರ ಇರಲಿಲ್ಲ. ಅವಳು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ‘ಕಮಿಟ್’ ಅನ್ನುವ ಪದದೊಳಗೆ ಸೀಟೂ ಇಲ್ಲ, ಫೀಸೂ ಇಲ್ಲ. ಕೋಚ್ ಒಬ್ಬರು ‘ನಮ್ಮ ತಂಡಕ್ಕೆ ಬಾ’ ಅಂದಿದ್ದಾರೆ, ಹುಡುಗಿ ‘ಬರ್ತೀನಿ’ ಅಂದಿದ್ದಾಳೆ, ಅಷ್ಟೇ. ಅದರ ಪೂರ್ತಿ ಹೆಸರು ವರ್ಬಲ್ ಕಮಿಟ್‌ಮೆಂಟ್. ನಮ್ಮ ಮಾತಿನಲ್ಲಿ ಬಾಯಿಮಾತಿನ ಒಪ್ಪಿಗೆ. ಇದು ಕೋಚನ್ನೂ ಕಟ್ಟಿಹಾಕುವುದಿಲ್ಲ, ಮಗುವನ್ನೂ ಕಟ್ಟಿಹಾಕುವುದಿಲ್ಲ. ಅಲ್ಲಿನ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆಯಾದ ಎನ್‌ಸಿಎಎ ಇಂಥ ಮಾತನ್ನು ಎಲ್ಲೂ ದಾಖಲು ಮಾಡಿಕೊಳ್ಳುವುದಿಲ್ಲ. ಮುರಿದರೆ ದಂಡವೂ ಇಲ್ಲ. ಮುರಿದುಕೊಳ್ಳುವುದಕ್ಕೂ ಒಂದು ಪದವಿದೆ: ‘ಡಿಕಮಿಟ್’.

ಸೈಟು ಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಸೈಟು ನೋಡಿ ‘ಇದು ನನಗೇ ಇರಲಿ’ ಅಂದಿರುತ್ತೀರಿ, ಮಾಲೀಕರು ‘ಆಗಲಿ’ ಅಂದಿರುತ್ತಾರೆ. ಅಗ್ರಿಮೆಂಟ್ ಆಗಿಲ್ಲ, ರಿಜಿಸ್ಟ್ರೇಷನ್ ದೂರದ ಮಾತು. ಕಮಿಟ್ ಆದ ಮಗು ನಿಂತಿರುವುದು ಆ ಹಂತದಲ್ಲಿ.

ಈ ಹಂತಕ್ಕೆ ಬರುವುದು ಹೇಗೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. 2023ರ ಜೂನ್‌ನಲ್ಲಿ ಕೆಲಸದ ಮೇಲೆ ಹೋದವನು ಅಕ್ಕನ ಮನೆಯಲ್ಲೇ ಇದ್ದೆ. ಹೆಚ್ಚಿನ ಕ್ರೀಡೆಗಳಲ್ಲಿ, ಎನ್‌ಸಿಎಎಯ ಮೂರು ಹಂತಗಳಲ್ಲಿ ಎಲ್ಲಕ್ಕಿಂತ ಮೇಲಿನದಾದ ಡಿವಿಷನ್ 1 ಕಾಲೇಜಿನ ಕೋಚ್‌ಗಳು ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರ ತನಕ ಮಗುವಿನ ಜೊತೆ ಸೇರ್ಪಡೆಯ ಮಾತು ಆಡುವಂತಿಲ್ಲ. ಮಗು ಎಷ್ಟು ಮೇಲ್ ಕಳಿಸಿದರೂ ಅವರು ಕ್ಯಾಂಪಿನ ಮಾಹಿತಿಯೋ, ತುಂಬಿಸಬೇಕಾದ ಒಂದು ಫಾರಮ್ಮೋ ಕಳಿಸಿ ಸುಮ್ಮನಾಗಬೇಕು. ಹಾಗಾಗಿ ಜೂನ್ 14ರ ರಾತ್ರಿ ಆ ದೇಶದ ಎಷ್ಟೋ ಮನೆಗಳಲ್ಲಿ ಮಕ್ಕಳು ಮಲಗುವುದಿಲ್ಲ.

ಅಕ್ಕನ ಮಗಳೂ ಮಲಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಫೋನು, ಪಕ್ಕದಲ್ಲಿ ಒಂದು ನೋಟ್‌ಬುಕ್. ಅದರಲ್ಲಿ ಹನ್ನೆರಡು ಕಾಲೇಜುಗಳ ಹೆಸರು, ಪ್ರತಿಯೊಂದರ ಮುಂದೆ ಆ ತಂಡದ 200 ಯಾರ್ಡ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮೊದಲ ಮೂರು ಹುಡುಗಿಯರ ಟೈಮಿಂಗ್, ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ತನ್ನ ಟೈಮಿಂಗ್. ಹನ್ನೆರಡು ಹೊಡೆದ ಮೇಲೆ ಮೊದಲ ಮೇಲ್ ಬಂತು. ಆಮೇಲೆ ಇನ್ನೊಂದು. ಅವಳ ಕೈ ನಡುಗುತ್ತಿತ್ತು. ‘ಮಾಮ, ಇವರು ನನ್ನ ಹೆಸರು ಸರಿಯಾಗಿ ಬರೆದಿದ್ದಾರೆ ನೋಡು’ ಅಂದಳು. ಅವಳ ಹೆಸರನ್ನು ಅಲ್ಲಿ ಯಾರೂ ಸರಿಯಾಗಿ ಬರೆಯುವುದಿಲ್ಲ.

ಆ ನೋಟ್‌ಬುಕ್ ನನಗೆ ಬಹಳ ಹಿಡಿಸಿತು. ಈ ದಾರಿಯಲ್ಲಿರುವ ಯಾವ ಮಗುವಿಗೂ ನಾನು ಮೊದಲು ಹೇಳುವುದು ಅದನ್ನೇ. ಕಾಲೇಜಿನ ಹೆಸರು ನೋಡಿ ಆಸೆಪಡುವ ಮೊದಲು, ಆ ತಂಡದಲ್ಲಿ ಈಗ ಇರುವವರ ಪಕ್ಕ ನಿನ್ನ ಅಂಕಿ ಇಟ್ಟು ನೋಡು. ಈಜು, ಓಟ, ಜಿಗಿತದಲ್ಲಿ ಇದು ಸುಲಭ, ಏಕೆಂದರೆ ಅಲ್ಲಿ ಗಡಿಯಾರ ಮತ್ತು ಟೇಪು ಮಾತಾಡುತ್ತವೆ. ಟೆನಿಸ್‌ನಲ್ಲಿ ಆಟಗಾರರ ಮಟ್ಟವನ್ನು ಅಂಕಿಯಲ್ಲಿ ಹೇಳುವ ಯುಟಿಆರ್ ರೇಟಿಂಗ್ ಇದೆ. ಫುಟ್‌ಬಾಲ್, ವಾಲಿಬಾಲ್‌ನಂಥ ಆಟಗಳಲ್ಲಿ ವಿಡಿಯೊ ಮಾಡಿ ಕಳಿಸಬೇಕು. ಮೇಲ್ ಮಾತ್ರ ಮಗುವೇ ಬರೆಯಬೇಕು. ಕೋಚ್‌ಗೆ ನಾಲ್ಕು ವರ್ಷ ಜೊತೆಗಿರುವುದು ಮಗು, ಅಪ್ಪ ಅಮ್ಮ ಅಲ್ಲವಲ್ಲ. ಸಾವಿರಾರು ಡಾಲರ್ ತೆಗೆದುಕೊಂಡು ಈ ಕೆಲಸ ಮಾಡಿಕೊಡುವ ಏಜೆನ್ಸಿಗಳೂ ಇವೆ. ಹನ್ನೆರಡು ಹೆಸರಿನ ಒಂದು ನೋಟ್‌ಬುಕ್ ಇದ್ದರೆ ಬಹಳಷ್ಟು ಮನೆಗಳಿಗೆ ಅದರ ಅಗತ್ಯ ಬೀಳುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಫೋನ್ ಮಾತುಕತೆ ಆದ ಮೇಲೆ ಕಾಲೇಜು ನೋಡಲು ಹೋಗುವುದು. ಖರ್ಚನ್ನು ಕಾಲೇಜು ಕೊಟ್ಟರೆ ಅದು ಅಫಿಷಿಯಲ್ ವಿಸಿಟ್, ನಾವೇ ಕೊಟ್ಟುಕೊಂಡರೆ ಅನ್‌ಅಫಿಷಿಯಲ್. ಆಮೇಲೆ ಕೋಚ್ ‘ಆಫರ್’ ಕೊಡುತ್ತಾರೆ. ಎಡವುವುದು ಇಲ್ಲೇ. ‘ನಿನ್ನನ್ನು ತಂಡಕ್ಕೆ ತೆಗೆದುಕೊಳ್ಳುತ್ತೇವೆ’ ಅನ್ನುವುದೂ ಆಫರ್, ‘ಇಷ್ಟು ದುಡ್ಡು ಕೊಡುತ್ತೇವೆ’ ಅನ್ನುವುದೂ ಆಫರ್. ಮೊದಲನೆಯದನ್ನು ಕೇಳಿಸಿಕೊಂಡು ಎರಡನೆಯದು ಅಂದುಕೊಂಡ ಕುಟುಂಬಗಳು ತುಂಬ ಇವೆ. ದುಡ್ಡಿಲ್ಲದೆ ತಂಡ ಸೇರುವವರಿಗೆ ‘ವಾಕ್-ಆನ್’ ಅಂತ ಬೇರೆ ಹೆಸರೇ ಇದೆ. ಅವರೂ ಕಮಿಟ್ ಆದೆ ಅಂತಲೇ ಹೇಳುತ್ತಾರೆ, ಅವರೂ ಅದೇ ಟೋಪಿ ಹಾಕಿಕೊಂಡು ಫೋಟೊ ತೆಗೆಸುತ್ತಾರೆ.

ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ‘ಸ್ಪೋರ್ಟ್ಸ್ ಸ್ಕಾಲರ್‌ಶಿಪ್’ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಫೀಸು, ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಮಾಫಿ. ಅಂಥದ್ದು ಇದೆ, ಅದಕ್ಕೆ ‘ಫುಲ್ ರೈಡ್’ ಅನ್ನುತ್ತಾರೆ. ಆದರೆ ಅದು ಸಿಗುವುದು ಕೆಲವರಿಗೆ ಮಾತ್ರ. ಬಹುಕಾಲ ಡಿವಿಷನ್ 1ರಲ್ಲಿ ಗಂಡುಮಕ್ಕಳ ಈಜು ತಂಡಕ್ಕೆ ಇದ್ದದ್ದು ಒಟ್ಟು 9.9 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ದುಡ್ಡು, ಹೆಣ್ಣುಮಕ್ಕಳ ತಂಡಕ್ಕೆ 14. ಗಂಡುಮಕ್ಕಳ ಟೆನಿಸ್‌ಗೆ 4.5. ತಂಡದಲ್ಲಿ ಇಪ್ಪತ್ತೈದು, ಮೂವತ್ತು ಈಜುಗಾರರು. ಕೋಚ್ ಆ ಒಂಬತ್ತೂ ಚಿಲ್ಲರೆಯನ್ನು ಕತ್ತರಿಸಿ ಹಂಚಬೇಕಿತ್ತು. ಒಬ್ಬರಿಗೆ ಮುಕ್ಕಾಲು, ಇನ್ನೊಬ್ಬರಿಗೆ ಕಾಲು, ಮತ್ತೊಬ್ಬರಿಗೆ ಪುಸ್ತಕದ ದುಡ್ಡು, ಉಳಿದವರಿಗೆ ಏನೂ ಇಲ್ಲ.

ಡಿವಿಷನ್ 3ರ ಕಾಲೇಜುಗಳು ಕ್ರೀಡೆಗೆ ಅಂತ ಒಂದು ಡಾಲರೂ ಕೊಡುವುದಿಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್‌ನ ಎಂಟೂ ಕಾಲೇಜುಗಳು ಡಿವಿಷನ್ 1ರಲ್ಲಿದ್ದರೂ ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಮನೆಯ ಆದಾಯ ನೋಡಿ ಕೊಡುವ ನೆರವು ಬೇರೆ. ಅಲ್ಲಿಗೆ ಕಮಿಟ್ ಆಗುವುದರಲ್ಲಿ ಸಿಗುವುದು ಅಡ್ಮಿಷನ್‌ನಲ್ಲಿ ಕೋಚ್‌ನ ಬೆಂಬಲ. ಅಂಕಪಟ್ಟಿಯನ್ನು ಮುಂಚಿತವಾಗಿ ಅಡ್ಮಿಷನ್ ಕಚೇರಿಗೆ ತೋರಿಸಿ ‘ಈ ಹುಡುಗಿ ದಾಟುತ್ತಾಳಾ’ ಅಂತ ಕೇಳುತ್ತಾರೆ. ಅದಕ್ಕೆ ‘ಪ್ರೀ-ರೀಡ್’ ಅನ್ನುತ್ತಾರೆ. ಓದಿನಲ್ಲಿ ಚೆನ್ನಾಗಿರುವ ಮಗುವಿಗೆ ಎಷ್ಟೋ ಸಲ ಅರ್ಧ ಸ್ಕಾಲರ್‌ಶಿಪ್‌ಗಿಂತ ಇದೇ ದೊಡ್ಡ ಲಾಭ. ನಮ್ಮ ಮನೆಗಳಲ್ಲಿ ಇದನ್ನು ಕಡಿಮೆ ಅಂತ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಬಾಯಿಮಾತು ಎಷ್ಟು ತೆಳುವಾದದ್ದು ಅನ್ನುವುದು 2024-25ರಲ್ಲಿ ಇಡೀ ದೇಶಕ್ಕೆ ಗೊತ್ತಾಯಿತು. ಆಟಗಾರರಿಗೆ ಕಾಲೇಜುಗಳು ನೇರವಾಗಿ ದುಡ್ಡು ಕೊಡಬಹುದು ಅನ್ನುವ ಒಂದು ದೊಡ್ಡ ಮೊಕದ್ದಮೆ ರಾಜಿಯಾಗುತ್ತಿತ್ತು. ಅದರ ಹೆಸರು ಹೌಸ್ ಸೆಟಲ್‌ಮೆಂಟ್. ಅದರ ಪ್ರಕಾರ, ರಾಜಿಗೆ ಸೇರುವ ಕಾಲೇಜುಗಳಲ್ಲಿ ಈ 9.9, 14ರ ಮಿತಿಗಳು ಹೋಗಿ, ತಂಡದಲ್ಲಿ ಇಷ್ಟೇ ಜನ ಇರಬೇಕು ಅನ್ನುವ ರೋಸ್ಟರ್ ಮಿತಿ ಬರಬೇಕಿತ್ತು. ಕೇಳಲು ಒಳ್ಳೆಯದು, ಅಲ್ವಾ? ಮಿತಿಯೊಳಗಿರುವ ಎಲ್ಲರಿಗೂ ಸ್ಕಾಲರ್‌ಶಿಪ್ ಕೊಡಬಹುದು. ಆದರೆ ಕೊಡಲೇಬೇಕು ಅಂತಿಲ್ಲ. ಮಿತಿ ಮೀರಿದವರನ್ನು ಮಾತ್ರ ಕೈಬಿಡಬೇಕು. ರಾಜಿಗೆ ಒಪ್ಪಿಗೆ ಸಿಗುವ ಮೊದಲೇ ಎಷ್ಟೋ ಕೋಚ್‌ಗಳು ಫೋನ್ ಮಾಡಿ, ಕಮಿಟ್ ಆಗಿದ್ದ ಮಕ್ಕಳಿಗೆ ‘ನಿನಗೆ ಜಾಗ ಇಲ್ಲ’ ಅಂದರು. ಆ ಮಕ್ಕಳು ಬೇರೆ ಕಾಲೇಜುಗಳಿಗೆ ಆಗಲೇ ಬೇಡ ಅಂದಾಗಿತ್ತು.

2025ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಕ್ಲೌಡಿಯಾ ವಿಲ್ಕನ್ ಇದೇ ಕಾರಣಕ್ಕೆ ರಾಜಿಯನ್ನು ತಡೆಹಿಡಿದರು. ಹೀಗೆ ಜಾಗ ಕಳೆದುಕೊಂಡವರನ್ನು ಮಿತಿಯ ಲೆಕ್ಕಕ್ಕೆ ಸೇರಿಸಬಾರದು ಅಂತ ತಿದ್ದುಪಡಿ ಆದ ಮೇಲೆ ಜೂನ್ 6ರಂದು ಒಪ್ಪಿದರು. ಆಗಲೂ, ಅವರನ್ನು ವಾಪಸ್ ತೆಗೆದುಕೊಳ್ಳುವುದು ಬಿಡುವುದು ಕಾಲೇಜಿನ ಇಷ್ಟಕ್ಕೇ ಉಳಿಯಿತು. ಹದಿನೇಳು ಹದಿನೆಂಟರ ಮಕ್ಕಳಿಗೆ ಇದು ಎಂಥ ಪೆಟ್ಟು ಅಂತ ಯೋಚಿಸಿ.

ನಮ್ಮ ಹುಡುಗಿಗೂ ಪೆಟ್ಟು ಬಿತ್ತು, ಬೇರೆ ರೀತಿಯಲ್ಲಿ. ಅವಳು ಮೊದಲು ಕಮಿಟ್ ಆದ ಕಾಲೇಜಿನ ಕೋಚ್ ಮೂರೇ ತಿಂಗಳಲ್ಲಿ ಕೆಲಸ ಬಿಟ್ಟರು. ಹೊಸ ಕೋಚ್‌ಗೆ ಬ್ರೆಸ್ಟ್‌ಸ್ಟ್ರೋಕ್‌ಗೆ ಜನ ಸಾಕಿತ್ತು. ನಾಲ್ಕು ಸಾಲಿನ ಮೇಲ್ ಬಂತು. ಅಕ್ಕ ಅವತ್ತು ಅತ್ತಳು. ‘ಮಾತು ಕೊಟ್ಟು ಹೀಗಾ ಮಾಡೋದು?’ ಅಂದಳು. ಮಾತು ಕೊಟ್ಟವರು ಒಬ್ಬರು, ಈಗ ಕುರ್ಚಿಯಲ್ಲಿರುವವರು ಇನ್ನೊಬ್ಬರು. ಮಗಳು ಎರಡು ದಿನ ಕೊಳಕ್ಕೆ ಹೋಗಲಿಲ್ಲ. ಮೂರನೇ ದಿನ ಆ ನೋಟ್‌ಬುಕ್ ಮತ್ತೆ ತೆಗೆದಳು.

ಹಾಗಾದರೆ ಗಂಟು ಬೀಳುವುದು ಯಾವಾಗ? ಬರವಣಿಗೆಯಲ್ಲಿ. 1964ರಿಂದ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಅಂತ ಒಂದು ಪತ್ರ ಇತ್ತು. ಸಹಿ ಹಾಕಿ ಆಮೇಲೆ ಬೇರೆ ಕಾಲೇಜಿಗೆ ಹೋದರೆ ದಂಡ ತೆರಬೇಕಿತ್ತು. 2024ರ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಈಗ ಅದರ ಜಾಗದಲ್ಲಿರುವುದು ಸ್ಕಾಲರ್‌ಶಿಪ್‌ನ ಲಿಖಿತ ಆಫರ್. ಹೆಚ್ಚಿನ ಕ್ರೀಡೆಗಳಲ್ಲಿ ಹನ್ನೆರಡನೇ ತರಗತಿ ಶುರುವಾಗುವ ಆಗಸ್ಟ್ 1ರಿಂದ ಅದನ್ನು ಕೊಡಬಹುದು, ಸಹಿ ನವೆಂಬರ್‌ನಲ್ಲಿ. ಸಹಿ ಬಿದ್ದ ಮೇಲೆ ಬೇರೆ ಕಾಲೇಜಿನ ಕೋಚ್‌ಗಳು ಆ ಮಗುವನ್ನು ಸೆಳೆಯಲು ಮಾತಾಡುವಂತಿಲ್ಲ. ಅಲ್ಲಿಯ ತನಕ ಆಗಿದ್ದೆಲ್ಲ ಬಾಯಿಮಾತೇ.

ಹಾಗಂತ ಬಾಯಿಮಾತಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಎಷ್ಟೋ ಕೋಚ್‌ಗಳು ಆಡಿದ ಮಾತಿಗೆ ನಿಲ್ಲುತ್ತಾರೆ, ಮಕ್ಕಳೂ ನಿಲ್ಲಬೇಕು. ಆದರೆ ಹೂಂ ಅನ್ನುವ ಮೊದಲು ಕೇಳಬೇಕಾದ್ದನ್ನು ಕೇಳಬೇಕು. ಆಮೇಲೆ ಆಫರ್ ಕೊಟ್ಟ ಎರಡನೇ ಕಾಲೇಜಿನ ಕೋಚ್‌ಗೆ ಅವಳು ಬರೆದ ಪ್ರಶ್ನೆಗಳನ್ನು ವಿಡಿಯೊ ಕಾಲ್‌ನಲ್ಲಿ ನನಗೆ ತೋರಿಸಿದ್ದಳು. ಈ ಆಫರ್‌ನಲ್ಲಿ ದುಡ್ಡು ಇದೆಯಾ, ಇದ್ದರೆ ಎಷ್ಟು? ಒಂದು ವರ್ಷಕ್ಕಾ, ನಾಲ್ಕು ವರ್ಷಕ್ಕಾ? ಗಾಯವಾಗಿ ಈಜಲು ಆಗದಿದ್ದರೆ ಏನು? ರೋಸ್ಟರ್ ಮಿತಿ ಬಂದರೆ ನನ್ನ ಜಾಗ ಉಳಿಯುತ್ತದಾ? ಮೊದಲು ಕೇಳಲು ಹಿಂಜರಿದಳು. ‘ದುಡ್ಡಿನ ಮಾತು ಆಡಿದರೆ ಬೇಜಾರು ಮಾಡ್ಕೊಳ್ತಾರೇನೋ’ ಅಂತ. ಕೋಚ್ ಮರುದಿನವೇ ನಾಲ್ಕಕ್ಕೂ ಉತ್ತರ ಬರೆದರು. ಇಂಥ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವ ಕೋಚ್ ಆಗಿದ್ದರೆ, ಅದೂ ಮುಂಚೆಯೇ ತಿಳಿದಂತಾಗುತ್ತಿತ್ತು.

ಇಲ್ಲಿಂದ ಹೋಗುವ ಮಕ್ಕಳ ಬಗ್ಗೆ ಒಂದು ಮಾತು. ಚೆನ್ನೈನಲ್ಲಿ ಬೆಳೆದ ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007 ಮತ್ತು 2008ರಲ್ಲಿ ಎನ್‌ಸಿಎಎ ಟೆನಿಸ್ ಸಿಂಗಲ್ಸ್ ಗೆದ್ದರು. ದೆಹಲಿಯ ಎತ್ತರ ಜಿಗಿತಗಾರ ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್‌ಗೆ ಹೋಗಿ 2018ರಲ್ಲೂ 2022ರಲ್ಲೂ ಗೆದ್ದರು. ಬೆಂಗಳೂರಿನ ಈಜುಕೊಳ, ಟೆನಿಸ್ ಅಂಕಣಗಳಲ್ಲೂ ಈ ಕನಸು ಇರುವವರು ಇದ್ದಾರೆ. ಅವರಿಗೆ ಗೊಂದಲವಾಗುವುದು ನಮ್ಮ ಸ್ಪೋರ್ಟ್ಸ್ ಕೋಟಾದಿಂದ. ಸಿಇಟಿಯಲ್ಲಿ ಸರ್ಟಿಫಿಕೇಟ್ ತೋರಿಸಿ ಸೀಟು ಕೇಳುತ್ತೇವೆ. ಕೊಡುವುದು ಸರ್ಕಾರದ ನಿಯಮ. ಅಲ್ಲಿ ಕೋಟಾ ಇಲ್ಲ. ಆರಿಸುವುದು ಕೋಚ್, ಸೀಟು ಕೊಡುವುದು ಅಡ್ಮಿಷನ್ ಕಚೇರಿ, ಆಡಬಹುದಾ ಅಂತ ಹೇಳುವುದು ಎನ್‌ಸಿಎಎಯ ಎಲಿಜಿಬಿಲಿಟಿ ಸೆಂಟರ್. ಈ ಕೊನೆಯದಕ್ಕೆ ಒಂಬತ್ತನೇ ತರಗತಿಯಿಂದಲೇ ಅಂಕಪಟ್ಟಿ ಬೇಕು. ಅಮೆರಿಕದ ಹೈಸ್ಕೂಲು ಮಕ್ಕಳಾದರೆ 16 ಮುಖ್ಯ ವಿಷಯಗಳು, ಅದರಲ್ಲಿ 4ಕ್ಕೆ 2.3 ಸರಾಸರಿ, ಹತ್ತು ವಿಷಯ ಕೊನೆಯ ವರ್ಷಕ್ಕೆ ಮುಂಚೆಯೇ ಮುಗಿದಿರಬೇಕು. ಕಮಿಟ್ ಆಗಿ ಟೋಪಿ ಹಾಕಿಕೊಂಡ ಮೇಲೆ ಇಲ್ಲಿ ಸಿಕ್ಕಿಹಾಕಿಕೊಂಡವರೂ ಇದ್ದಾರೆ.

2024ರ ನವೆಂಬರ್‌ನಲ್ಲಿ ಅವಳು ಸಹಿ ಹಾಕಿದಳು. ಅಕ್ಕ ಆ ಪತ್ರವನ್ನು ಕ್ಯಾಮೆರಾ ಮುಂದೆ ಹಿಡಿದು ನಮ್ಮಮ್ಮನಿಗೆ ಸಾಲು ಸಾಲು ಕನ್ನಡದಲ್ಲಿ ಹೇಳಿದಳು. ಅಮ್ಮ ಕನ್ನಡಕ ಹಾಕಿಕೊಂಡು ಕೇಳುತ್ತಿದ್ದರು.

‘ಸೀಟು?’

‘ಸಿಕ್ಕಿತು ಅಮ್ಮಾ, ಅದರ ಪತ್ರ ಬೇರೆ ಬಂದಿದೆ.’

‘ಫೀಸು?’

‘ಅರ್ಧ. ಒಂದು ವರ್ಷಕ್ಕೆ.’

‘ಆಮೇಲೆ?’

‘ಪ್ರತಿ ವರ್ಷ ಜುಲೈ 1ರೊಳಗೆ ಮುಂದಿನ ವರ್ಷಕ್ಕೆ ಕೊಡ್ತಾರೋ ಇಲ್ವೋ ಅಂತ ಬರೆದು ತಿಳಿಸಬೇಕು. ಅದು ಅವರ ನಿಯಮ.’

ಅಮ್ಮ ಎದ್ದು ಹೋಗಿ, ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ‘ಜುಲೈ 1’ ಅಂತ ಬರೆದುಕೊಂಡರು.