ಎರೆಮಣ್ಣಿನ (ಕಪ್ಪು ಮಣ್ಣಿನ) ಹಿತ್ತಲನ್ನು ದೊಡ್ಡ ಮಳೆಗೆ ಸಜ್ಜುಗೊಳಿಸುವುದು: ಅಧ್ಯಯನ ಟಿಪ್ಪಣಿ

ರಾಯಚೂರು, ಕೊಪ್ಪಳ, ಬಳ್ಳಾರಿಯ ಬಯಲಿನಲ್ಲಿ ಕೈತೋಟ ಮಾಡುವ ನಾವು ವರ್ಷದ ಬಹುಪಾಲು ನೀರು ಹಿಡಿದಿಡುವ ಚಿಂತೆಯಲ್ಲೇ ಕಳೆಯುತ್ತೇವೆ. ಗಿಡದ ಸುತ್ತ ತಗ್ಗಾದ ಪಾತಿ ಮಾಡುವುದು, ಬದು ಕಟ್ಟುವುದು, ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸುವುದು, ಇವೆಲ್ಲ ಬೇಸಿಗೆ ಕಲಿಸಿದ ವಿದ್ಯೆ. ಹುಬ್ಬೆ, ಉತ್ತರೆ, ಹಸ್ತದ ಮಳೆಗಳು ಒಮ್ಮೆಲೇ ಸುರಿದಾಗ ಗಿಡಕ್ಕೆ ಕುತ್ತಾಗುವುದೂ ಅದೇ ಪಾತಿ. ನಮ್ಮ ಕಡೆ ಸೆಪ್ಟೆಂಬರ್ ತಿಂಗಳಲ್ಲಿ ಮಳೆ ಹೆಚ್ಚು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ನೆರೆಯನ್ನು ಈ ಜಿಲ್ಲೆಗಳು ಮರೆತಿಲ್ಲ. ಆದ್ದರಿಂದ ಈ ಪಾಠದಲ್ಲಿ ಮೊದಲು ಕಲಿಯಬೇಕಾದದ್ದು ನೀರಿಗೆ ಹೊರಹೋಗುವ ದಾರಿ ಮಾಡಿಕೊಡುವುದನ್ನು.

ಭಾರತೀಯ ಹವಾಮಾನ ಇಲಾಖೆಯು 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಸುರಿದರೆ ಅದನ್ನು ಭಾರಿ ಮಳೆ ಎನ್ನುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ 1 ಮಿಲಿಮೀಟರ್ ಮಳೆಯೆಂದರೆ 1 ಲೀಟರ್ ನೀರು. ಹಾಗಾದರೆ 40 ಚದರ ಮೀಟರಿನ ಮಾಳಿಗೆಯ ಮೇಲೆ 65 ಮಿಲಿಮೀಟರ್ ಬಿದ್ದಾಗ 2600 ಲೀಟರ್ ನೀರು ಸೇರುತ್ತದೆ, ಮತ್ತು ಅದು ಬಹುತೇಕ ಒಂದೇ ಕೊಳವೆಯಿಂದ ಒಂದೇ ಜಾಗಕ್ಕೆ ಧುಮುಕುತ್ತದೆ. ಹಿತ್ತಲಿನ ಹಾನಿಯಲ್ಲಿ ದೊಡ್ಡ ಪಾಲು ಆಕಾಶದಿಂದ ನೇರವಾಗಿ ಬಿದ್ದ ಮಳೆಯದಲ್ಲ, ಈ ಮಾಳಿಗೆಯ ನೀರಿನದು ಎಂಬುದು ನನ್ನ ಅನುಭವ. ಕೊಳವೆಯ ಬಾಯಿಯನ್ನು ಮಡಿಯಿಂದ ದೂರಕ್ಕೆ ಒಯ್ದು, ನೀರು ಬೀಳುವ ಕಡೆ ಒಂದು ಹಾಸುಗಲ್ಲು ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಮಣ್ಣಿನದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುವ ಎರೆಮಣ್ಣು ಮೊದಲ ಮಳೆಯನ್ನು ಬಿರುಕುಗಳ ಮೂಲಕ ಗಟಗಟನೆ ಕುಡಿಯುತ್ತದೆ. ನೆನೆದ ಮೇಲೆ ಅದರ ಜೇಡಿಯ ಕಣಗಳು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಆಮೇಲೆ ಬಿದ್ದ ನೀರು ಇಳಿಯುವುದು ಬಹಳ ನಿಧಾನ. ಮಣ್ಣಿನ ಸಂದುಗಳಲ್ಲಿ ಗಾಳಿಯಿರಬೇಕಾದಲ್ಲಿ ನೀರು ನಿಂತಾಗ ಬೇರುಗಳು ಉಸಿರಾಡಲಾರವು. ನಮ್ಮ ಹಿತ್ತಲಿನ ಪಪ್ಪಾಯಿ ಗಿಡವೊಂದು ಹೀಗೆಯೇ ಹೋಯಿತು. ಎರಡು ದಿನ ಪಾತಿಯಲ್ಲಿ ನೀರು ನಿಂತಿತ್ತು. ಮೂರನೆಯ ದಿನ ಎಲೆ ಜೋತುಬಿದ್ದಾಗ ನೀರು ಸಾಲದಾಗಿದೆಯೇನೋ ಎಂದು ನಾನು ಇನ್ನೊಂದು ಕೊಡ ಸುರಿದೆ. ವಾರದ ಮೇಲೆ ಕಿತ್ತು ನೋಡಿದರೆ ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬಂತು, ಒಳಗಿನ ನಾರು ಕಂದಾಗಿ ಕೊಳೆತ ವಾಸನೆ ಹೊಡೆಯುತ್ತಿತ್ತು. ಒದ್ದೆ ಮಣ್ಣಿನಲ್ಲಿ ನಿಂತ ಗಿಡ ಬಾಡಿದರೆ ಅದು ಬಾಯಾರಿಕೆಯಲ್ಲ ಎಂಬುದನ್ನು ಜೊತೆಗೆ ಕಲಿಯುತ್ತಿರುವವರು ದಯವಿಟ್ಟು ಬರೆದಿಟ್ಟುಕೊಳ್ಳಬೇಕು.

ನಿಮ್ಮ ನೆಲದ ಗುಣ ತಿಳಿಯಲು ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿರಿ. ಎರಡನೆಯ ಸಲದ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ತಗ್ಗಿನ ಪಾತಿ ಕೂಡದು. ಜೂನ್ ಕೊನೆಯ ಆರಿದ್ರಾ ಮಳೆಯ ಹೊತ್ತಿಗೇ ಮಣ್ಣನ್ನು ಮುಕ್ಕಾಲು ಅಡಿಯಷ್ಟು ಏರಿಸಿ ಏರುಮಡಿ ಮಾಡಿ, ಬದನೆ, ಟೊಮೆಟೊ, ಮೆಣಸಿನ ಸಸಿಗಳನ್ನು ಅದರ ಮೇಲೆ ನೆಡಬೇಕು. ಮಡಿಗಳ ನಡುವಿನ ಕಾಲುವೆಗಳು ಹಿತ್ತಲಿನ ಅತಿ ತಗ್ಗಾದ ಮೂಲೆಗೆ ಹರಿದು ಅಲ್ಲಿಂದ ಗಟಾರಕ್ಕೆ ಸೇರಬೇಕು. ಇಳಿಜಾರು ಸರಿಯಿದೆಯೇ ಎಂದು ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ, ಒಂದು ಬಕೆಟ್ ನೀರು ಸುರಿದು ಅದರ ಹಿಂದೆಯೇ ನಡೆದು ನೋಡಬೇಕು. ಪಪ್ಪಾಯಿ, ಕರಿಬೇವಿನಂಥ ನೆಟ್ಟ ಗಿಡಗಳಿಗೆ ಮಳೆಗಾಲದ ಮಟ್ಟಿಗೆ ಪಾತಿಯ ಕಟ್ಟೆಯನ್ನು ಒಂದು ಕಡೆ ಒಡೆದು ಬುಡಕ್ಕೆ ಮಣ್ಣು ಏರಿಸಿದರೆ ಸಾಕು. ಮಸಾರಿ (ಕೆಂಪು ಮಣ್ಣಿನ) ನೆಲದವರ ಕಷ್ಟ ಬೇರೆ: ಅಲ್ಲಿ ನೀರು ಬೇಗ ಇಂಗಿದರೂ ಹನಿಯ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ಹಾಗಾಗಿ ಭತ್ತದ ಹುಲ್ಲನ್ನೋ ಒಣ ಎಲೆಯನ್ನೋ ದಪ್ಪಗೆ ಹೊದಿಸಬೇಕು.

ಗಾಳಿಯ ಸಿದ್ಧತೆಗೆ ಮಳೆಗಾಲದವರೆಗೆ ಕಾಯಲಾಗದು, ಏಕೆಂದರೆ ಬಿರುಗಾಳಿ, ಗುಡುಗು, ಆಲಿಕಲ್ಲು ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲೇ ಬರುತ್ತವೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ನುಗ್ಗೆಯ ಮರ ಮೆದು, ಕಾಯಿ ಹೊತ್ತ ಉದ್ದ ಟೊಂಗೆ ಬುಡದಿಂದಲೇ ಸೀಳುತ್ತದೆ. ನಾಲ್ಕು ಕಾಯಿ ಹೋದರೂ ಸರಿ, ಗೋಡೆಯ ಮೇಲೆ ಚಾಚಿದ ಟೊಂಗೆಗಳನ್ನು ಯುಗಾದಿಗೆ ಮುಂಚೆಯೇ ಕತ್ತರಿಸಬೇಕು. ವಿದ್ಯುತ್ ತಂತಿಗೆ ತಾಗುವ ಟೊಂಗೆಯನ್ನು ಮಾತ್ರ ನಾವೇ ಮುಟ್ಟದೆ ಲೈನ್‌ಮನ್ನರಿಗೆ ತಿಳಿಸಬೇಕು. ಎಳೆಯ ಗಿಡಕ್ಕೆ ಕೋಲು ಕೊಡುವಾಗ ಹಗ್ಗವನ್ನು 8ರ ಆಕಾರದಲ್ಲಿ ಸುತ್ತಿದರೆ ಕಾಂಡ ಕೋಲಿಗೆ ಉಜ್ಜುವುದಿಲ್ಲ. ಇದಕ್ಕೆ ನೈಲಾನ್ ದಾರಕ್ಕಿಂತ ಹಳೆಯ ಸೀರೆಯ ಅಂಚು ಉತ್ತಮ, ಅದು ತೊಗಟೆಯನ್ನು ಕೊಯ್ಯುವುದಿಲ್ಲ. ಹೀರೆಯ ಹಂದರದ ಗೂಟಗಳನ್ನು ಅಲುಗಾಡಿಸಿ ನೋಡಬೇಕು. ಮಾಳಿಗೆಯ ಅಂಚಿನ ಕುಂಡಗಳನ್ನು ಕೆಳಗಿಳಿಸಬೇಕು.

ಮಳೆಯ ಮುನ್ಸೂಚನೆ ಬಂದ ವಾರದಲ್ಲಿ ಯೂರಿಯಾ ಹಾಕಬಾರದು, ಅದು ನೀರಿನೊಂದಿಗೆ ಹರಿದುಹೋಗುತ್ತದೆ. ಮಳೆ ನಿಂತ ಮೇಲೆ ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಸುಮ್ಮನಿರುವುದು. ಹಸಿ ಎರೆಯನ್ನು ತುಳಿದರೆ ಅದು ಗಟ್ಟಿಯಾಗಿ, ಒಣಗಿದಾಗ ಹೆಂಟೆಯಾಗುತ್ತದೆ. ಆದ್ದರಿಂದ ನಿಂತ ನೀರನ್ನು ಮಡಿಯ ಹೊರಗಿನಿಂದಲೇ ಸಲಿಕೆಯಲ್ಲಿ ಕಡಿದು ಬಿಟ್ಟು, ಹಿಡಿ ಮಣ್ಣನ್ನು ಉಂಡೆ ಕಟ್ಟಿ ಬೀಳಿಸಿದರೆ ಅದು ಒಡೆದು ಉದುರುವಷ್ಟು ಹದ ಬರುವ ತನಕ ಕಾಯಬೇಕು, ಆಮೇಲೆ ಮೇಲುಮೇಲಕ್ಕೆ ಕೆದಕಿ ಬೇರಿಗೆ ಗಾಳಿಯಾಡಲು ಬಿಡಬೇಕು.